ಹಿಂದಿನ ಮಾಲೀಕ

ಇಂಗ್ಲೆಂಡಿನಲ್ಲಿ ಗ್ಯಾರೇಜು ಇರುವುದು ಕಾರಿಗಲ್ಲ. ಹುಲ್ಲು ಕತ್ತರಿಸುವ ಯಂತ್ರ, ಮಕ್ಕಳು ತುಳಿದು ಬಿಟ್ಟ ಸೈಕಲ್ಲು, ಡಬ್ಬಿಯ ತಳದಲ್ಲಿ ಒಣಗಿದ ಬಣ್ಣ, ವರ್ಷಕ್ಕೊಮ್ಮೆ ಹೊರಬರುವ ಪ್ಲಾಸ್ಟಿಕ್ ಕ್ರಿಸ್‌ಮಸ್ ಮರ, ಇವೆಲ್ಲ ಬೆಚ್ಚಗೆ ಒಳಗಿರುತ್ತವೆ. ಸಾವಿರಾರು ಪೌಂಡು ಸುರಿದು ತಂದ ಕಾರು ಬೀದಿಯಲ್ಲಿ ಮಳೆಗೆ ನೆನೆಯುತ್ತಿರುತ್ತದೆ. ಕೊವೆಂಟ್ರಿಯ ನಮ್ಮ ಬೀದಿಯಲ್ಲಿ ಗ್ಯಾರೇಜಿನೊಳಗೆ ಕಾರಿಗೆ ಜಾಗ ಸಿಕ್ಕಿದ್ದು ನಮ್ಮ ಮನೆಯಲ್ಲಿ ಮಾತ್ರ. ಆ ಮರ್ಯಾದೆಯೂ ಓಡದ ಕಾರಿಗೆ. ಓಡುವ ಕಾರು ಊರವರ ಕಾರುಗಳ ಜೊತೆ ಹೊರಗೇ ನೆನೆಯಿತು.

ಓಡದ ಕಾರು ಟ್ರಯಂಫ್ ಸ್ಪಿಟ್‌ಫೈರ್, ಮಾರ್ಕ್ 3, 1969ರದು. ಇಬ್ಬರು ಕೂರುವ, ತಲೆಯ ಮೇಲೆ ಬಟ್ಟೆಯ ಹುಡ್ ಇರುವ, ನೆಲಕ್ಕೆ ಅಂಟಿಕೊಂಡೇ ಓಡುವ ಪುಟ್ಟ ಸ್ಪೋರ್ಟ್ಸ್ ಕಾರು. ಪಕ್ಕದ ಬೀದಿಯ ಅಜ್ಜಿಯೊಬ್ಬರ ಹಿತ್ತಲಲ್ಲಿ ಟಾರ್ಪಾಲಿನಡಿ ಮಲಗಿತ್ತು. ತಳದ ತೂತಿನಿಂದ ಹತ್ತಿದ ಮುಳ್ಳುಬಳ್ಳಿ ಸ್ಟಿಯರಿಂಗಿಗೆ ಸುತ್ತಿಕೊಂಡಿತ್ತು. ಅಜ್ಜಿಯ ಗಂಡ ಈ ಊರಿನ ಕಾರು ಕಾರ್ಖಾನೆಯೊಂದರಲ್ಲಿ ದುಡಿದವರು. ಅವರು ತೀರಿಕೊಂಡು ವರ್ಷಗಳಾಗಿದ್ದವು. "ತೆಗೆದುಕೊಂಡು ಹೋಗು, ಅಲ್ಲಿ ಗುಲಾಬಿ ಹಾಕಬೇಕು" ಎಂದರು ಅಜ್ಜಿ. ಕಾರಿನ ಬಗ್ಗೆ ಅವರ ಬಳಿ ಇದ್ದ ಭಾವುಕತೆ ಅಷ್ಟೇ.

ಊರಿಗೆ ಫೋನು ಮಾಡಿದಾಗ ಅಮ್ಮನಿಗೆ ಹೇಳಿದೆ. "ಅಲ್ಲ ಕಣೋ, ತುಕ್ಕು ಹಿಡಿದದ್ದನ್ನ ನಾವು ಹಳೇ ಕಬ್ಬಿಣದವನಿಗೆ ಹಾಕಿ ಈರುಳ್ಳಿ ತಗೋತೀವಿ. ನೀನು ದುಡ್ಡು ಕೊಟ್ಟು ತಂದ್ಯಾ?" ಎಂದಳು. ಕೈಯಲ್ಲಿ ಈರುಳ್ಳಿಯೂ ಇಲ್ಲದೆ ನಾನು ಫೋನು ಇಟ್ಟೆ.

ಈ ಹುಚ್ಚಿನ ಮೂಲ ಹುಡುಕುತ್ತ ಹೋದರೆ ಅರಸೀಕೆರೆ ತಲುಪಬೇಕಾಗುತ್ತದೆ. ನಾನು ಪ್ರೈಮರಿ ಶಾಲೆಯಲ್ಲಿದ್ದಾಗ ನಮ್ಮ ಡಾಕ್ಟರ ಬಳಿ ಬಿಳಿ ಸ್ಟ್ಯಾಂಡರ್ಡ್ ಹೆರಾಲ್ಡ್ ಇತ್ತು. ಅಲ್ಲಿನ ರಿಪೇರಿ ಗ್ಯಾರೇಜಿಗೆ ಅಂಬಾಸಿಡರ್ ಬಂದರೂ ಫಿಯೆಟ್ ಬಂದರೂ ನಮಗೆ ಕಾಣುತ್ತಿದ್ದುದು ಬಾನೆಟ್ಟಿನೊಳಗೆ ತಲೆ ತೂರಿಸಿದ ಮೇಸ್ತ್ರಿಯ ಬೆನ್ನು ಮಾತ್ರ. ಹೆರಾಲ್ಡ್ ಹಾಗಲ್ಲ. ಎರಡು ಬದಿಯ ಚಿಲಕ ತೆಗೆದರೆ ಮಡ್‌ಗಾರ್ಡು, ಹೆಡ್‌ಲೈಟು ಸಮೇತ ಇಡೀ ಮೂತಿ ಮುಂದಕ್ಕೆ ಮಗುಚಿಕೊಳ್ಳುತ್ತಿತ್ತು. ಎಂಜಿನ್ನು, ರೇಡಿಯೇಟರು, ಮುಂದಿನ ಗಾಲಿಗಳ ಸಂದುಗೊಂದು ಎಲ್ಲ ಬಯಲು. ಮೇಸ್ತ್ರಿ ಮುಂದಿನ ಟೈರಿನ ಮೇಲೆ ಆರಾಮಾಗಿ ಕೂತು, ಬೀಡಿ ಕಚ್ಚಿಕೊಂಡು ಕೆಲಸ ಮಾಡುತ್ತಿದ್ದರು. "ನೋಡ್ಕೋ ಮರಿ, ನೋಡಕ್ಕೆ ಕಾಸು ಕೊಡಬೇಕಾಗಿಲ್ಲ" ಎನ್ನುತ್ತಿದ್ದರು. ಯಂತ್ರವೊಂದರ ಒಳಗನ್ನು ನಾನು ನೋಡಿದ್ದು ಅದೇ ಮೊದಲು. ಒಳಗೆ ಗುಟ್ಟೇನೂ ಇರಲಿಲ್ಲ. ಇದರಿಂದ ಅದು, ಅದರಿಂದ ಇದು ತಿರುಗುತ್ತದೆ ಎಂದು ಕಣ್ಣಿಗೇ ಕಾಣುತ್ತಿತ್ತು.

ಆ ಹೆರಾಲ್ಡ್ ಹುಟ್ಟಿದ್ದು ಮದರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಕಾರ್ಖಾನೆಯಲ್ಲಿ, ಆದರೆ ತವರುಮನೆ ಕೊವೆಂಟ್ರಿಯ ಕ್ಯಾನ್ಲಿ. ಇಲ್ಲಿ 1959ರಲ್ಲಿ ಬಂದ ಟ್ರಯಂಫ್ ಹೆರಾಲ್ಡನ್ನು ಮದರಾಸಿನವರು 1961ರಿಂದ ತಯಾರಿಸತೊಡಗಿದರು. ಮುಂದೆ ಅದಕ್ಕೆ ನಾಲ್ಕು ಬಾಗಿಲನ್ನೂ ಇಟ್ಟರು. ಅಂಥ ಹೆರಾಲ್ಡ್ ಭಾರತ ಬಿಟ್ಟರೆ ಬೇರೆಲ್ಲೂ ಆಗಲಿಲ್ಲ. ಸ್ಪಿಟ್‌ಫೈರ್ ಇದೇ ಹೆರಾಲ್ಡಿನ ಖಾಸಾ ತಂಗಿ. ಅದೇ ಚಾಸಿಯನ್ನು ಗಿಡ್ಡ ಮಾಡಿ, ಅದೇ ಮುಂಗಾಲಿಗಳನ್ನಿಟ್ಟು, ಮೇಲೆ ಬೇರೆ ಮೈ ಕೂರಿಸಿದ್ದಾರೆ. ಎಂಜಿನ್ನಿನ ವಂಶವೂ ಒಂದೇ: 1953ರ ಸ್ಟ್ಯಾಂಡರ್ಡ್ ಎಯ್ಟ್‌ನಲ್ಲಿ 803 ಸಿ.ಸಿ., ಹೆರಾಲ್ಡಿನಲ್ಲಿ 948, ಮೊದಲ ಸ್ಪಿಟ್‌ಫೈರಿನಲ್ಲಿ 1147, ನನ್ನದರಲ್ಲಿ 1296. ಹೀಗೆ ಅಜ್ಜಿಯ ಹಿತ್ತಲಲ್ಲಿ ಟಾರ್ಪಾಲು ಸರಿಸಿ, ಚಿಲಕ ಬಿಡಿಸಿ ಮೂತಿಯನ್ನು ಮುಂದಕ್ಕೆ ಮಗುಚಿದಾಗ ನನಗೆ ಯಾವ ಪರಿಚಯವೂ ಬೇಕಾಗಲಿಲ್ಲ. ಟೈರಿನ ಮೇಲೆ ಕೂತೇಬಿಟ್ಟೆ.

ಇಷ್ಟು ಧಾರಾಳವಾಗಿ ಬಿಚ್ಚಿಕೊಳ್ಳುವ ಕಾರನ್ನು ಯಾರಾದರೂ ಮಹಾನುಭಾವರು ಬೇಕೆಂದೇ ಮಾಡಿರಬೇಕು ಎಂದುಕೊಂಡಿದ್ದೆ. ಚರಿತ್ರೆ ಓದಿದಾಗ ತಿಳಿಯಿತು, ಹೆರಾಲ್ಡ್ ಕಷ್ಟಕಾಲದ ಕೂಸು. 1950ರ ದಶಕದಲ್ಲಿ ಬಹುತೇಕರು ಚಾಸಿಯನ್ನು ಕೈಬಿಟ್ಟು, ಇಡೀ ಮೈಯನ್ನು ಒಂದೇ ಚಿಪ್ಪಾಗಿ ಬೆಸೆಯುವ ಹಾದಿ ಹಿಡಿದಿದ್ದರು. ಮುಂದೆ ಹೆರಾಲ್ಡ್ ತಯಾರಿಸಿದ ಸ್ಟ್ಯಾಂಡರ್ಡ್-ಟ್ರಯಂಫ್‌ಗೆ ಮೈ ಮಾಡಿಕೊಡುತ್ತಿದ್ದ ಫಿಷರ್ ಅಂಡ್ ಲಡ್ಲೊ ಕಂಪನಿಯನ್ನು 1953ರಲ್ಲಿ ಎದುರಾಳಿ ಕಾರು ಕಂಪನಿ ಬಿ.ಎಂ.ಸಿ. ಕೊಂಡುಕೊಂಡಿತು. ಇಡೀ ಚಿಪ್ಪು ಒತ್ತಿಕೊಡುವ ದೊಡ್ಡವರು ಸಿಗದಾದಾಗ ತುಂಡುತುಂಡಾಗಿ ಬೇರೆ ಬೇರೆ ಸಣ್ಣ ಕಾರ್ಖಾನೆಗಳಲ್ಲಿ ಮಾಡಿಸಿ, ಹಳೆಯ ಪದ್ಧತಿಯ ಚಾಸಿಯ ಮೇಲೆ ಬೋಲ್ಟು ಹಾಕಿ ಕೂರಿಸಿದರು. ಕೈಲಾಗದೆ ಮಾಡಿಕೊಂಡ ಆ ಏರ್ಪಾಡೇ ಅರಸೀಕೆರೆಯ ಮೇಸ್ತ್ರಿಗೆ ಕೂರಲು ಜಾಗ ಮಾಡಿಕೊಟ್ಟಿತು.

ಸ್ಪಿಟ್‌ಫೈರಿನ ಜನ್ಮವಂತೂ ಇನ್ನೂ ಕಷ್ಟದ್ದು. ಇಟಲಿಯ ಟ್ಯೂರಿನ್ನಿನ ಜೊವಾನ್ನಿ ಮಿಕೆಲೊಟ್ಟಿ ಚಿತ್ರ ಬರೆದುಕೊಟ್ಟರು, 'ಬಾಂಬ್' ಎಂಬ ಗುಟ್ಟಿನ ಹೆಸರಿನಲ್ಲಿ ಒಂದು ಮಾದರಿಯೂ ಆಯಿತು. ಅಷ್ಟರಲ್ಲಿ ಕಂಪನಿಯ ಕೈ ಬರಿದಾಗಿ ಮಾದರಿಯನ್ನು ಮೂಲೆಗೆ ತಳ್ಳಿ ಬಟ್ಟೆ ಹೊದಿಸಿದರು. 1961ರಲ್ಲಿ ಕಂಪನಿ ಲೇಲ್ಯಾಂಡಿನವರ ಪಾಲಾಯಿತು. ಅದೇ ಲೇಲ್ಯಾಂಡ್, ನಮ್ಮ ಘಟ್ಟ ಹತ್ತುವ ಲಾರಿಗಳ ಹಣೆಯ ಮೇಲೆ ಅಶೋಕನ ಜೊತೆ ಕೂತಿರುವ ಹೆಸರು. ಕೊಂಡದ್ದರಲ್ಲಿ ಏನೇನಿದೆ ಎಂದು ಸುತ್ತು ಹಾಕುತ್ತಿದ್ದ ಲೇಲ್ಯಾಂಡಿನ ಸ್ಟ್ಯಾನ್ಲಿ ಮಾರ್ಕ್‌ಲ್ಯಾಂಡ್ ಮೂಲೆಯ ಬಟ್ಟೆ ಎತ್ತಿ ನೋಡಿ, ಇದನ್ನು ಮಾಡೋಣ ಎಂದರೆಂದು ಈ ಕಾರಿನ ಕಥೆ ಬರೆದವರೆಲ್ಲ ಹೇಳುತ್ತಾರೆ. 1962ರಲ್ಲಿ ಮಾರುಕಟ್ಟೆಗೆ ಬಂದದ್ದು 1980ರ ಆಗಸ್ಟಿನವರೆಗೆ 3 ಲಕ್ಷ 14 ಸಾವಿರಕ್ಕೂ ಮೀರಿ ಮಾರಾಟವಾಯಿತು. ಜೀವಮಾನವೆಲ್ಲ ಲಾರಿ ಮಾಡಿದವರ ಕಣ್ಣಿಗೆ ಈ ಸಣ್ಣ ಸೊಂಟದ ಕಾರು ಹಿಡಿಸಿದ್ದು ನನಗೆ ಸಮಾಧಾನದ ಸಂಗತಿ. ನನ್ನ ಹೆಂಡತಿ ಮಾತ್ರ, "ಅವರಿಗೆ ಬಟ್ಟೆ ಎತ್ತಿದಾಗ ಹೊಸದು ಸಿಕ್ತು, ನಿಮಗೆ ಸಿಕ್ಕಿದ್ದು ಇದು" ಎಂದು ವ್ಯತ್ಯಾಸ ತೋರಿಸಿದಳು.

ಇದನ್ನು ಅಪ್ಪಟ ಬ್ರಿಟಿಷ್ ಕಾರು ಎಂದು ಎಲ್ಲರೂ ಎದೆಯುಬ್ಬಿಸುತ್ತಾರೆ. ರೂಪ ಕೊಟ್ಟವರು ಇಟಲಿಯವರು. ಟ್ರಯಂಫ್ ಎಂಬ ಹೆಸರಿಟ್ಟು ಸೈಕಲ್ ವ್ಯಾಪಾರ ಶುರು ಮಾಡಿದ ಸೀಗ್‌ಫ್ರೀಡ್ ಬೆಟ್‌ಮನ್ ಜರ್ಮನಿಯ ನ್ಯೂರೆಂಬರ್ಗಿನಿಂದ ವಲಸೆ ಬಂದವರು. 1913ರಲ್ಲಿ ಕೊವೆಂಟ್ರಿಗೆ ಮೇಯರೂ ಆದರು. ಕಾರಿಗಿಟ್ಟ ಹೆಸರು ಜರ್ಮನರ ವಿರುದ್ಧ ಹಾರಿದ ಯುದ್ಧವಿಮಾನದ್ದು. ಈಗ ಅದನ್ನು ಅರಸೀಕೆರೆಯವನೊಬ್ಬ ರಿಪೇರಿ ಮಾಡುತ್ತಿದ್ದರೆ ವಂಶಕ್ಕೆ ಕಳಂಕ ಬರುವಂಥದ್ದೇನೂ ಇಲ್ಲ.

ರಿಪೇರಿ ಎಂದರೆ ಮುಖ್ಯವಾಗಿ ತುಕ್ಕಿನ ಜೊತೆ ಹೋರಾಟ. ಚಳಿಗಾಲದಲ್ಲಿ ರಸ್ತೆಯ ಮೇಲೆ ಮಂಜು ಕಟ್ಟದಿರಲೆಂದು ಇಲ್ಲಿ ಉಪ್ಪು ಎರಚುತ್ತಾರೆ. ಚೆಷೈರಿನ ವಿನ್ಸ್‌ಫರ್ಡ್ ಎಂಬಲ್ಲಿ ನೆಲದಡಿಯ ಗಣಿಯಿಂದ ತೆಗೆದ ಕಲ್ಲುಪ್ಪು. ಕರಗಿದ ಉಪ್ಪುನೀರು ಕಾರಿನ ಅಡಿ ಸೇರಿ, ಕಾಣದ ಮಡಿಕೆಗಳಲ್ಲಿ ಮನೆ ಮಾಡುತ್ತದೆ. ತುಕ್ಕು ಗೆದ್ದಲಿನ ಜಾತಿ: ಹೊರಗೆ ಬಣ್ಣ ನೆಟ್ಟಗಿರುತ್ತದೆ, ಒತ್ತಿದರೆ ಬೆರಳು ಒಳಗೆ ಹೋಗುತ್ತದೆ. ಸ್ಪಿಟ್‌ಫೈರಿನಲ್ಲಿ ಅದು ಮೊದಲು ಹಿಡಿಯುವುದು ಬಾಗಿಲ ಕೆಳಗಿನ ಉದ್ದನೆಯ ಪೆಟ್ಟಿಗೆಯನ್ನು. ಇಲ್ಲಿಯವರು ಅದನ್ನು ಸಿಲ್ ಎನ್ನುತ್ತಾರೆ. ಹೆರಾಲ್ಡಿನ ಚಾಸಿಗೆ ಅಕ್ಕಪಕ್ಕದಲ್ಲಿ ಕಬ್ಬಿಣದ ತೊಲೆಗಳಿದ್ದವು. ಸ್ಪಿಟ್‌ಫೈರಿಗೆ ನಡುವಿನ ಬೆನ್ನೆಲುಬು ಮಾತ್ರ, ಮಿಕ್ಕ ಭಾರ ಹೊರುವುದು ಈ ಸಿಲ್. ಹಾಗಾಗಿ ಅದನ್ನು ಸುಮ್ಮನೆ ಕತ್ತರಿಸುವಂತಿಲ್ಲ. ಬಾಗಿಲು ಬಿಚ್ಚಿ, ಅದರ ಚೌಕಟ್ಟಿಗೆ ಅಡ್ಡಲಾಗಿ ಕಬ್ಬಿಣದ ಪಟ್ಟಿ ಬೆಸೆದು, ಆಮೇಲೆ ಕತ್ತರಿಸಬೇಕು. ಇಲ್ಲದಿದ್ದರೆ ನಡು ಕುಸಿದು, ಹೊಸ ಸಿಲ್ ಹಾಕಿದ ಮೇಲೆ ಬಾಗಿಲು ಮುಚ್ಚುವುದೇ ಇಲ್ಲ. ಇದಕ್ಕೆಂದೇ ಕಾಲೇಜಿನ ಸಂಜೆ ಕ್ಲಾಸಿಗೆ ಸೇರಿ ವೆಲ್ಡಿಂಗ್ ಕಲಿತೆ. ಹೊಸ ತಗಡುಗಳನ್ನು ಇವತ್ತಿಗೂ ಅಚ್ಚು ಒತ್ತಿ ಮಾರುವವರಿದ್ದಾರೆ. ದೇಹ ಹೋದರೂ ಬಿಡಿಭಾಗ ಸಿಗುವ ಭಾಗ್ಯ ಮನುಷ್ಯರಿಗೆ ಇನ್ನೂ ಇಷ್ಟು ಸಲೀಸಾಗಿಲ್ಲ.

ಹಳೆಯ ಸಿಲ್ ಕತ್ತರಿಸಿದಾಗ ಒಳಗೆ ಸಿಕ್ಕಿದ್ದು 1983ರ ಸ್ಥಳೀಯ ಪತ್ರಿಕೆ. ತೂತಿಗೆ ಕಾಗದ ತುರುಕಿ, ಕೋಳಿಗೂಡಿನ ಜಾಲರಿ ಇಟ್ಟು, ಮೇಲೆ ಪುಟ್ಟಿ ಮೆತ್ತಿ ಬಣ್ಣ ಹೊಡೆದಿದ್ದರು. ಹಳೆಯ ಕಾರು ರಿಪೇರಿ ಮಾಡುವವರ ಲೋಕದಲ್ಲಿ ಸಕಲ ಪಾಪಗಳಿಗೂ ಒಬ್ಬನೇ ಹೊಣೆ: ಹಿಂದಿನ ಮಾಲೀಕ. ತಿರುಪಿನ ಜಾಗದಲ್ಲಿ ಮೊಳೆ ಹೊಡೆದವನು, ಕೆಂಪು ವೈರಿಗೆ ಹಸಿರು ವೈರು ಕಟ್ಟಿ ಟೇಪು ಸುತ್ತಿದವನು, ಕಳಚದ ಬೋಲ್ಟಿನ ತಲೆ ಉಳಿಯಿಂದ ಜಜ್ಜಿದವನು, ಎಲ್ಲ ಅವನೇ. ಅವನನ್ನು ಬೈಯುವುದರಲ್ಲಿ ಇಂಗ್ಲಿಷರ ಸಂಯಮವೆಲ್ಲ ಕಳಚಿ ಬೀಳುತ್ತದೆ. ನನಗೆ ಆ ಸುಖವೂ ದಕ್ಕಲಿಲ್ಲ. ಹಿಂದಿನ ಮಾಲೀಕನ ಹೆಂಡತಿ ಆಗಾಗ ಬಿಸ್ಕತ್ತು ಹಿಡಿದು ಕೆಲಸ ಎಲ್ಲಿಗೆ ಬಂತೆಂದು ನೋಡಲು ಬರುತ್ತಿದ್ದರು. ಪತ್ರಿಕೆ ತೋರಿಸಿದೆ. ಅಜ್ಜಿ ಕನ್ನಡಕ ಏರಿಸಿ ಫುಟ್‌ಬಾಲ್ ಪುಟ ಓದಿ, "ಇದನ್ನು ಆಗ ಮನೆಯೆಲ್ಲ ಹುಡುಕಿದ್ದೆ" ಎಂದರು.

ಮುಂದಿನ ಗಾಲಿ ಬಿಚ್ಚಿದಾಗ ಮತ್ತೆ ಅರಸೀಕೆರೆ. ಗಾಲಿಯನ್ನು ಹೊತ್ತ ಉಕ್ಕಿನ ಕಂಬದ ತುದಿಗೆ ತಿರುಪಿನ ಮರೆ ಇರುತ್ತದೆ. ಅದು ಟ್ರನಿಯನ್ ಎಂಬ ಕಂಚಿನ ಬಟ್ಟಲಿನೊಳಗೆ ತಿರುಪಿಕೊಂಡು ಕೂರುತ್ತದೆ. ಸ್ಟಿಯರಿಂಗ್ ತಿರುಗಿಸಿದಾಗೆಲ್ಲ ಈ ತಿರುಪು ಒಂದಿಷ್ಟು ಬಿಗಿದು, ಒಂದಿಷ್ಟು ಸಡಿಲುತ್ತದೆ. ಸುಮಾರು 24 ಅಡಿಯ ವೃತ್ತದಲ್ಲೇ ಗಿರ್ರನೆ ಸುತ್ತುವ ಕಾರಿದು, ಗಾಲಿ ಅಷ್ಟು ಹೊರಳುವಾಗ ಇದಕ್ಕೆ ಎಣ್ಣೆ ತಪ್ಪುವಂತಿಲ್ಲ. ಒಣಗಿದರೆ ನೀರು ಸೇರಿ, ಉಕ್ಕು ಸವೆದು, ಒಂದು ದಿನ ಪಟ್ಟನೆ ಮುರಿಯುತ್ತದೆ. ಗಾಲಿ ಮಡಿಸಿಕೊಂಡು ಕಾರು ಮಂಡಿಯೂರುತ್ತದೆ. ಇದಕ್ಕೆ ಗ್ರೀಸೋ ಎಣ್ಣೆಯೋ ಎಂಬುದು ಇಲ್ಲಿ ಸ್ಪಿಟ್‌ಫೈರ್ ಇಟ್ಟುಕೊಂಡವರ ನಡುವೆ ದ್ವೈತ-ಅದ್ವೈತದ ಮಟ್ಟದ ವಾದ. ಕಂಪನಿಯ ಮ್ಯಾನ್ಯುಯಲ್ ಎಣ್ಣೆಯ ಪರ. ನನಗೆ ಮ್ಯಾನ್ಯುಯಲ್ ನೋಡುವ ಅಗತ್ಯವಿರಲಿಲ್ಲ. ಡಾಕ್ಟರ ಡ್ರೈವರಿಗೆ ಮೇಸ್ತ್ರಿ ಗದರುತ್ತಿದ್ದುದು ಕಿವಿಯಲ್ಲೇ ಇದೆ: "ಗ್ರೀಸ್ ಮೆತ್ತಬ್ಯಾಡ ಅಂತ ಎಷ್ಟು ಸಲ ಬಡ್ಕೊಳ್ಳಲಿ? ನೈಂಟಿ ಆಯಿಲ್ ಬಿಡು!" ಜೊತೆಗೆ ಬಂದ ವಿಶೇಷಣಗಳನ್ನು ಇಲ್ಲಿ ಬರೆಯುವಂತಿಲ್ಲ.

ಆಮೇಲೆ ಕಾರ್ಬ್ಯುರೇಟರು. ಎಸ್.ಯು. ಕಂಪನಿಯವು, ಜೋಡಿ. ಎಸ್.ಯು. ಶುರು ಮಾಡಿದ ಸ್ಕಿನ್ನರ್ ಸಹೋದರರ ಮನೆತನದ ಕಸುಬು ಪಾದರಕ್ಷೆ. ಅವರ ಮೊದಲ ಕಾರ್ಬ್ಯುರೇಟರಿನೊಳಗೆ ಇದ್ದದ್ದು ಚರ್ಮದ ತಿದಿ. ನನ್ನ ಕಾರಿನ ಕಾಲಕ್ಕೆ ಚರ್ಮ ಹೋಗಿ ಲೋಹದ ಪಿಸ್ಟನ್ ಬಂದಿತ್ತು. ಎಂಜಿನ್ ಉಸಿರೆಳೆದಷ್ಟೂ ಪಿಸ್ಟನ್ ಮೇಲೇರುತ್ತದೆ, ಅದಕ್ಕೆ ಕಟ್ಟಿದ ಸೂಜಿ ಅಷ್ಟೇ ಪೆಟ್ರೋಲು ಬಿಡುತ್ತದೆ. ಎರಡು ಕಾರ್ಬ್ಯುರೇಟರುಗಳೂ ಒಂದೇ ಸಮ ಉಸಿರಾಡಬೇಕು. ಅದಕ್ಕೆ ಉಪಕರಣ ಒಂದು ತುಂಡು ರಬ್ಬರ್ ಕೊಳವೆ: ಒಂದು ತುದಿ ಕಾರ್ಬ್ಯುರೇಟರಿನ ಬಾಯಿಗೆ, ಇನ್ನೊಂದು ನಮ್ಮ ಕಿವಿಗೆ. ಅದರ ಬುಸ್ಸು, ಇದರ ಬುಸ್ಸು ಒಂದೇ ಶ್ರುತಿಗೆ ಬರುವ ತನಕ ತಿರುಪು ಹೊರಳಿಸುವುದು. ತಂಬೂರಿ ಶ್ರುತಿ ಮಾಡಲು ಕಲಿಯಲಾರದವನು ಎಂದು ಬಾಲ್ಯದಲ್ಲಿ ಸಂಗೀತದ ಮೇಷ್ಟ್ರು ಕೈಬಿಟ್ಟಿದ್ದ ನನಗೆ ಇದು ಕೊನೆಗೂ ಒಲಿಯಿತು.

ಕಾರು ಓಡಿತು. ನಲವತ್ತು ವರ್ಷ ದಾಟಿದ ಕಾರಿಗೆ ಇಲ್ಲಿ ರಸ್ತೆ ತೆರಿಗೆಯಿಲ್ಲ, ವಾರ್ಷಿಕ ತಪಾಸಣೆಯ ಕಡ್ಡಾಯವೂ ಇಲ್ಲ. ನನ್ನ ವೆಲ್ಡಿಂಗಿನ ಮೇಲೆ ಸರ್ಕಾರಕ್ಕಿರುವ ನಂಬಿಕೆ ನನಗಿರಲಿಲ್ಲ, ತಪಾಸಣೆಗೆ ಒಯ್ದೆ. ಅಲ್ಲಿನ ಹುಡುಗ ಎಷ್ಟು ಕೀಲಿ ತಿರುವಿದರೂ ಎಂಜಿನ್ ಹಿಡಿಯಲಿಲ್ಲ. ಚೋಕ್ ಎಳೆಯಬೇಕು ಎಂದೆ. ಚೋಕ್ ಎಂದರೇನೆಂದು ಕೇಳಿದ. ಮೂತಿ ಮಗುಚಿ ತೋರಿಸಿದೆ. ಪಕ್ಕದ ಕಾರುಗಳನ್ನು ಬಿಟ್ಟು ಮಿಕ್ಕ ಮೆಕ್ಯಾನಿಕ್ಕುಗಳೂ ಬಂದು ಸುತ್ತ ನಿಂತರು. ನನ್ನ ಓಡುವ ಕಾರಿನ ಬಾನೆಟ್ ಎತ್ತಿದರೆ ಕಾಣುವುದು ಕಪ್ಪು ಪ್ಲಾಸ್ಟಿಕ್ ಮುಚ್ಚಳ. ಏನಾಗಿದೆ ಎಂದು ತಿಳಿಯಲು ಅದಕ್ಕೆ ಕಂಪ್ಯೂಟರ್ ಸಿಕ್ಕಿಸಬೇಕು. ಅದು ಕೆಡುವುದು ಕಡಿಮೆ, ಒಪ್ಪುತ್ತೇನೆ. ಕೆಟ್ಟರೆ ಮಾತ್ರ ಮಾಲೀಕನಿಗೂ ದಾರಿಹೋಕನಿಗೂ ವ್ಯತ್ಯಾಸವಿಲ್ಲ. ಬಿಚ್ಚಲು ಬಾರದ ವಸ್ತುವನ್ನು ನಾವು ಬಳಸುತ್ತೇವೆ, ಅಷ್ಟೇ. ಬಿಚ್ಚಿ ಜೋಡಿಸಿದ್ದು ನಮ್ಮದಾಗುತ್ತದೆ.

ಕ್ಯಾನ್ಲಿ ಕಡೆ ಒಂದು ಸುತ್ತು ಹೋಗಿಬಂದೆ. ಟ್ರಯಂಫ್ ಕಾರ್ಖಾನೆ ಈಗ ಇಲ್ಲ. ಹೆರಾಲ್ಡ್ ಅವೆನ್ಯೂ ಎಂಬ ರಸ್ತೆ ಇದೆ. ಅಜ್ಜಿಯನ್ನೂ ಕೂರಿಸಿಕೊಂಡಿದ್ದೆ, ಹುಡ್ ಹಾಕು, ಚಳಿ ಎಂದರು.

ಈಗ ಉಳಿದಿರುವುದು ಸಣ್ಣಪುಟ್ಟ ಕೆಲಸ. ಬಿಗಿಯುವ ಪ್ರತಿ ಬೋಲ್ಟಿನ ಮರೆಗೂ ತಾಮ್ರದ ಪುಡಿ ಬೆರೆತ ಗ್ರೀಸು ಸವರುತ್ತೇನೆ. ಬಿಗಿಯುವವನಿಗೆ ಅದರಿಂದ ಲಾಭವಿಲ್ಲ. ಎಷ್ಟೋ ವರ್ಷದ ಮೇಲೆ ಬಿಚ್ಚುವವನ ಸ್ಪ್ಯಾನರಿಗೆ ಅದು ಸುಲಭವಾಗಿ ಬಿಟ್ಟುಕೊಡುತ್ತದೆ. ನನ್ನ ಮಗನಿಗೆ ಈ ಕಾರು ಬೇಡ. ಬ್ಯಾಟರಿ ಕಾರೇ ಸಾಕೆನ್ನುತ್ತಾನೆ. ಹಾಗಾದರೆ ಇದು ಯಾರದೋ ಗ್ಯಾರೇಜು ಸೇರುವುದು ಖಂಡಿತ. ಅವನು ಟೈರಿನ ಮೇಲೆ ಕೂತು, ನನ್ನ ವೆಲ್ಡಿಂಗಿನ ಗಂಟುಗಳನ್ನು ಸವರಿ, ಹಿಂದಿನ ಮಾಲೀಕನನ್ನು ಬೈಯುವುದೂ ಖಂಡಿತ. ಬೈದುಕೊಳ್ಳಲಿ. ಅರಸೀಕೆರೆಯ ಮೇಸ್ತ್ರಿಯ ಬಾಯಿ ಕೇಳಿ ಬೆಳೆದವನಿಗೆ ಇಂಗ್ಲಿಷಿನ ಬೈಗುಳ ಯಾವ ಲೆಕ್ಕ?