ಬಿಳಿಗಿರಿಯಲ್ಲಿ ಬಗೆಹರಿಯದ ಕೆಲವು

ಕಾಡನ್ನು ಅದರ ಪಾಡಿಗೆ ಬಿಟ್ಟುಬಿಡುವುದೇ ಸಂರಕ್ಷಣೆ ಎಂದುಕೊಂಡು ಬೆಟ್ಟ ಹತ್ತಿದವನಿಗೆ ಅರಣ್ಯ ಇಲಾಖೆಯ ಕ್ಯಾಂಪಿನ ಗೋಡೆಯೇ ಮೊದಲ ಒಗಟು. ಅಲ್ಲಿ ಒರಗಿಸಿಟ್ಟಿದ್ದು ಗುದ್ದಲಿ, ಪಿಕಾಸಿ, ನಾಲ್ಕು ಅಳತೆಯ ಮಚ್ಚು, ಹುಲ್ಲು ಕತ್ತರಿಸುವ ಯಂತ್ರ, ಬೆನ್ನಿಗೆ ಕಟ್ಟಿಕೊಂಡು ತರಗೆಲೆ ಹಾರಿಸುವ ಬ್ಲೋವರ್. ಕಾಫಿ ತೋಟದ ಗೋದಾಮಿಗೆ ಬಂದೆನೇನೋ ಅನ್ನಿಸಿತು. ಸುತ್ತ ಆನೆ ದಾಟದಂತೆ ಕಂದಕ ತೋಡಿದ್ದಾರೆ. ಅದರ ಮೇಲೆ ಎರಡು ಮರದ ದಿಮ್ಮಿ, ಅದೇ ನಮ್ಮ ಹೆಬ್ಬಾಗಿಲು.

*

ಚಾಮರಾಜನಗರ ಜಿಲ್ಲೆಯ ಈ ಬಿಳಿಗಿರಿ ಬೆಟ್ಟಸಾಲು 1974ರಲ್ಲಿ ಅಭಯಾರಣ್ಯವಾಯಿತು, 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶ. ಸುಮಾರು 575 ಚದರ ಕಿಲೋಮೀಟರ್. ತಪ್ಪಲಲ್ಲಿ ಮುಳ್ಳುಕುರುಚಲು, ಮೇಲೆ ಹೋದಂತೆ ಎಲೆ ಉದುರುವ ಕಾಡು, ನೆತ್ತಿಯಲ್ಲಿ ಹುಲ್ಲುಗಾವಲು, ಅದರ ಮಡಿಲಲ್ಲಿ ಶೋಲಾ. ಆರುನೂರು ಮೀಟರಿನಿಂದ ಸಾವಿರದೆಂಟುನೂರು ಮೀಟರಿನ ತನಕ ಏರುವ ಈ ನೆಲದಲ್ಲಿ ಬೆಳಿಗ್ಗೆ ಬೆವರಿದವನು ಮಧ್ಯಾಹ್ನ ಸ್ವೆಟರ್ ಹುಡುಕುತ್ತಾನೆ.

ಬೆಟ್ಟದ ಬುಡಕಟ್ಟಿನವರಾದ ಸೋಲಿಗರು ಇಲ್ಲಿ ಇದೆಲ್ಲಕ್ಕೂ ಮುಂಚಿನಿಂದ ಇದ್ದಾರೆ. ಇಲಾಖೆಯ ವಾಚರುಗಳಲ್ಲಿ ಅನೇಕರು ಅವರೇ. ಗಾರ್ಡ್ ಕಾಯಂ ನೌಕರ, ವಾಚರ್ ಸಾಮಾನ್ಯವಾಗಿ ದಿನಗೂಲಿ ಅಥವಾ ಗುತ್ತಿಗೆ. ದಾರಿ ಗೊತ್ತಿರುವುದು ವಾಚರಿಗೆ, ಸಹಿ ಹಾಕುವುದು ಗಾರ್ಡ್. ಸಾಲಿನಲ್ಲಿ ನಡೆಯುವಾಗ ವಾಚರ್ ಮುಂದೆ, ವರದಿಯಲ್ಲಿ ಹಿಂದೆ.

*

ಹುಲಿ ಎಣಿಸಲು ಕ್ಯಾಮೆರಾ ಕಟ್ಟುವುದನ್ನು ಹತ್ತಿರದಿಂದ ನೋಡಿದೆ. ಕಾಡನ್ನು ನಕ್ಷೆಯ ಮೇಲೆ ಎರಡೆರಡು ಚದರ ಕಿಲೋಮೀಟರಿನ ಚೌಕಗಳಾಗಿ ಹೆಚ್ಚಿರುತ್ತಾರೆ. ಚೌಕಕ್ಕೊಂದು ಜೋಡಿ. ಹುಲಿ ನಡೆದಾಡುವ ದಾರಿಯ ಆಚೆಗೊಂದು ಈಚೆಗೊಂದು, ಮೊಣಕಾಲೆತ್ತರಕ್ಕೆ. ಎರಡೇಕೆ ಅಂದರೆ, ಹುಲಿಯ ಎಡಮೈ ಪಟ್ಟೆ ಬಲಮೈಯಲ್ಲಿ ಇರುವುದಿಲ್ಲ. ಒಂದೇ ಕಡೆ ತೆಗೆದರೆ ಒಂದು ಹುಲಿ ಎರಡು ಹುಲಿಯಾಗಿ ಲೆಕ್ಕಕ್ಕೆ ಸೇರಬಹುದು. ಎದುರುಬದುರು ನೇರ ಇಟ್ಟರೆ ಒಂದರ ಫ್ಲ್ಯಾಶ್ ಇನ್ನೊಂದರ ಕಣ್ಣಿಗೆ ಹೊಡೆಯುತ್ತದೆ, ಹಾಗಾಗಿ ತುಸು ಓರೆ.

ಆಮೇಲೆ ಎದುರಿನ ಹುಲ್ಲನ್ನೆಲ್ಲ ಮಣ್ಣು ಕಾಣುವ ಹಾಗೆ ಕೆರೆದರು. ಬಿಸಿಲಿಗೆ ಕಾದ ಹುಲ್ಲು ಗಾಳಿಗೆ ಆಡಿದರೆ ಕ್ಯಾಮೆರಾ ಅದನ್ನೂ ಪ್ರಾಣಿ ಅಂದುಕೊಳ್ಳುತ್ತದಂತೆ. ಒಂದು ಗರಿಕೆ ಬಿಟ್ಟರೂ ಕಾರ್ಡ್ ತುಂಬ ಗರಿಕೆಯ ಫೋಟೊ.

ಕೊನೆಗೆ ಪರೀಕ್ಷೆ. ಐವತ್ತು ದಾಟಿದ ವಾಚರ್ ಟವೆಲನ್ನು ಸೊಂಟಕ್ಕೆ ಬಿಗಿದು, ನೆಲಕ್ಕೆ ಕೈಯೂರಿ, ನಾಲ್ಕು ಕಾಲಿನಲ್ಲಿ ಕ್ಯಾಮೆರಾ ಮುಂದೆ ಹಾದುಹೋದರು. ಕೆಂಪು ದೀಪ ಮಿಣುಕಲಿಲ್ಲ.

‘ಇನ್ನೊಂದ್ ಸಲ ಹೋಗು ಮಾವ, ಮೆಲ್ಲಕೆ. ಹುಲಿ ಇಷ್ಟ್ ಅರ್ಜೆಂಟಲ್ಲಿ ಹೋಗಾದಿಲ್ಲ’ ಎಂದ ಕಿರಿಯ.

‘ಹುಲಿಗೆ ಮಂಡಿನೋವಿಲ್ಲ ಕನಾ’ ಎನ್ನುತ್ತ ಅವರು ವಾಪಸು ತಿರುಗಿದರು. ಈ ಸಲ ಭುಜ ಇಳಿಸಿ, ತಲೆ ತಗ್ಗಿಸಿ, ಒಂದೊಂದೇ ಕೈ ಎತ್ತಿಡುತ್ತ ಹೋದರು. ನೋಡುತ್ತಿದ್ದ ನನಗೆ ನಗು ಬರಲಿಲ್ಲ. ಅದು ಅಣಕವಾಗಿರಲಿಲ್ಲ, ನೋಡಿ ಬಲ್ಲವರ ನಡಿಗೆ. ದೀಪ ಮಿಣುಕಿತು. ಸ್ಲೇಟಿನ ಮೇಲೆ ಚೌಕದ ಸಂಖ್ಯೆ, ತಾರೀಕು ಬರೆದು ಅದಕ್ಕೂ ಒಂದು ಫೋಟೊ ತೆಗೆಸಿದರು. ಅಂದರೆ ಪ್ರತಿ ಕಾರ್ಡಿನ ಮೊದಲ ಪ್ರಾಣಿ ಒಬ್ಬ ವಾಚರ್. ಆ ಫೋಟೊಗಳನ್ನು ಏನು ಮಾಡುತ್ತಾರೆ ಎಂದು ಕೇಳಿದೆ. ‘ಡಿಲೀಟು’ ಅಂದರು.

*

ದೇಶಾದ್ಯಂತ 2018ರ ಎಣಿಕೆಯಲ್ಲಿ 26,838 ಜಾಗಗಳಲ್ಲಿ ಕ್ಯಾಮೆರಾ ಇಟ್ಟು ಸುಮಾರು 3 ಕೋಟಿ 48 ಲಕ್ಷ ಫೋಟೊ ತೆಗೆದರು. ಗಿನ್ನೆಸ್ ದಾಖಲೆಯೂ ಆಯಿತು. ಅವುಗಳಲ್ಲಿ ಹುಲಿಯ ಫೋಟೊ 76,651. ಸಾವಿರಕ್ಕೆ ಎರಡು ಚಿಲ್ಲರೆ. ಉಳಿದದ್ದೆಲ್ಲ ಜಿಂಕೆ, ಕಾಟಿ, ದನ, ಜನ, ಗರಿಕೆ. ಅಷ್ಟನ್ನೂ ಜಾತಿವಾರು ಬೇರ್ಪಡಿಸಲು ಒಂದು ತಂತ್ರಾಂಶ, ಪಟ್ಟೆಯನ್ನು ಪಟ್ಟೆಗೆ ತಾಳೆ ಹಾಕಲು ಇನ್ನೊಂದು. 2022ರ ಎಣಿಕೆಯಲ್ಲಿ ದೇಶದ ಅಂದಾಜು 3,682, ಕರ್ನಾಟಕದ್ದು 563. ಇಷ್ಟು ಚೊಕ್ಕ ಅಂಕಿಯನ್ನು ಪತ್ರಿಕೆಯಲ್ಲಿ ಓದುವಾಗ ಗರಿಕೆ ಕೆರೆದ ಕೈ ನೆನಪಾಗುವುದಿಲ್ಲ.

ಆನೆ ಕ್ಯಾಮೆರಾವನ್ನು ಯಾಕೆ ಕೀಳುತ್ತದೆ? ಕಬ್ಬಿಣದ ಗೂಡಿಗೆ ಹಾಕಿ, ಸರಪಣಿ ಸುತ್ತಿ, ಬೀಗ ಜಡಿದರೂ ಬಿಡುವುದಿಲ್ಲ. ವಾಸನೆಗೆ ಎಂದೊಬ್ಬರು, ಬೆಳಕಿಗೆ ಎಂದಿನ್ನೊಬ್ಬರು. ‘ಅದ್ರ ದಾರೀಲಿ ನಾವು ಸಾಮಾನು ಇಟ್ಟಿದ್ದೀವಿ, ಅದಕ್ಕೇ’ ಎಂದರು ಅಡುಗೆ ಮಾಡುವವರು. ಮೂರನೆಯದೇ ವಿಜ್ಞಾನಕ್ಕೆ ಹತ್ತಿರ ಎಂದು ನನ್ನ ಗುಮಾನಿ.

*

ಇದಕ್ಕೂ ಮುಂಚೆ ಹೆಜ್ಜೆಗುರುತಿನ ಕಾಲ. ಒರಿಸ್ಸಾದ ಅರಣ್ಯಾಧಿಕಾರಿ ಸರೋಜ್ ರಾಜ್ ಚೌಧರಿ 1966ರಲ್ಲಿ ರೂಪಿಸಿದ ವಿಧಾನ: ಹುಲಿಯ ಹಿಂಗಾಲಿನ ಗುರುತಿನ ಮೇಲೆ ಗಾಜಿಟ್ಟು ಗೆರೆ ಎಳೆಯುವುದು, ಪ್ಲಾಸ್ಟರ್ ಹಾಕಿ ಅಚ್ಚು ತೆಗೆಯುವುದು, ಆಕಾರ ನೋಡಿ ಇದು ಇಂಥ ಹುಲಿ ಎನ್ನುವುದು. ಮೂರು ದಶಕಕ್ಕೂ ಹೆಚ್ಚು ಕಾಲ ದೇಶ ಹುಲಿ ಎಣಿಸಿದ್ದು ಹೀಗೆ. ಹುಲಿ ವಿಜ್ಞಾನಿ ಉಲ್ಲಾಸ ಕಾರಂತರು ತೊಂಬತ್ತರ ದಶಕದಲ್ಲೇ ನಾಗರಹೊಳೆಯಲ್ಲಿ ಕ್ಯಾಮೆರಾ ಕಟ್ಟಿ ತೋರಿಸಿದರೂ ಇಲಾಖೆ ಕದಲಲಿಲ್ಲ. ಕಡೆಗೆ ರಾಜಸ್ಥಾನದ ಸಾರಿಸ್ಕಾದಲ್ಲಿ ಕಾಗದದ ಮೇಲೆ ಹುಲಿಗಳಿದ್ದು ಕಾಡಿನಲ್ಲಿ ಒಂದೂ ಉಳಿದಿಲ್ಲ ಎಂದು 2005ರ ಹೊತ್ತಿಗೆ ಬಯಲಾದ ಮೇಲೆ ಗಾಜು ಪಕ್ಕಕ್ಕೆ ಸರಿಯಿತು.

ಗಾಜು ಹಿಡಿದ ದಿನಗಳನ್ನು ಕಂಡ ವಾಚರೊಬ್ಬರನ್ನು ಕೇಳಿದೆ: ‘ಹೆಜ್ಜೆ ನೋಡಿ ಇದು ಇಂಥದ್ದೇ ಹುಲಿ ಅಂತ ಹೇಳಬಹುದಾ?’

‘ಕೆಸರಲ್ಲಿ ಒಂಥರಾ, ಧೂಳಲ್ಲಿ ಒಂಥರಾ ಬೀಳ್ತದೆ ಸಾ. ಗಂಡು ಹೆಣ್ಣು ಹೇಳ್ಬೋದು, ಹೊತ್ತು ಹೇಳ್ಬೋದು. ಹೆಸ್ರು ಹೇಳಕಾಗಾದಿಲ್ಲ.’

ತಜ್ಞರು ಲೇಖನ ಬರೆದು ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ಅಂದು ಈ ವಾಚರುಗಳನ್ನು ಯಾರೂ ಕೇಳಿರಲಿಲ್ಲವೋ, ಕೇಳಿದಾಗ ಇವರು ಮೇಲಿನವರಿಗೆ ಬೇಕಾದ ಉತ್ತರ ಕೊಟ್ಟಿದ್ದರೋ, ತಿಳಿಯದು. ಕಾಡಿನ ಜನಕ್ಕೆ ಎಲ್ಲ ಗೊತ್ತು ಎನ್ನುವವರ ಮೇಲೂ, ಏನೂ ಗೊತ್ತಿಲ್ಲ ಎನ್ನುವವರ ಮೇಲೂ ನನಗೆ ಅನುಮಾನ ಶುರುವಾದದ್ದು ಆ ಮಾತಿನಿಂದ. ಇವರು ತಮಗೆ ಗೊತ್ತಿಲ್ಲದ್ದರ ಗಡಿಯನ್ನೂ ಹೇಳಬಲ್ಲರು.

*

ಬೆಂಕಿಯ ವಿಷಯ. ಇದನ್ನು ಎಷ್ಟು ಸಲ ಬರೆದರೂ ಗಂಟು ಬಿಡುತ್ತಿಲ್ಲ.

ಜನವರಿ ಸುಮಾರಿಗೆ ಫೈರ್ ಲೈನ್ ಕೆಲಸ. ದಾರಿಗಳ ಇಕ್ಕೆಲದ ಹುಲ್ಲು ಕೊಯ್ದು, ಒಣಗಿಸಿ, ಇಬ್ಬನಿ ಆರುವ ಹೊತ್ತು ನೋಡಿಕೊಂಡು, ಹಸಿ ಸೊಪ್ಪಿನ ಕೊಂಬೆ ಕೈಯಲ್ಲಿ ಹಿಡಿದು ಸಾಲಾಗಿ ನಿಂತು ಸುಡುತ್ತಾರೆ. ಮುಂದೆ ಬೇಸಿಗೆಯಲ್ಲಿ ಬೆಂಕಿ ಬಂದರೆ ಈ ಬೋಳು ಪಟ್ಟಿಯಲ್ಲಿ ನಿಲ್ಲಲಿ ಎಂದು. ಅಂದರೆ ಬೆಂಕಿ ತಡೆಯಲು ಬೆಂಕಿ. ಅಲ್ಲಿಗೆ ಸರಿ.

ಸೋಲಿಗರೂ ಹಿಂದೆ ಸುಡುತ್ತಿದ್ದರು. ಅದು ತರಗು ಬೆಂಕಿ. ಚಳಿಗಾಲ ಮುಗಿಯುವ ಮುನ್ನ, ನೆಲ ಪೂರ್ತಿ ಒಣಗುವ ಮುನ್ನ, ಉದುರಿದ ಎಲೆಗೆ ಇಟ್ಟರೆ ಮೊಣಕಾಲೆತ್ತರ ಹರಿದು ತಾನೇ ಆರುವ ಬೆಂಕಿ. ಹುಲ್ಲು ಚಿಗುರುತ್ತಿತ್ತು, ದಾರಿ ಕಾಣುತ್ತಿತ್ತು, ಉಣ್ಣೆಹುಳು ಸಾಯುತ್ತಿತ್ತು ಎನ್ನುತ್ತಾರೆ. ಅಭಯಾರಣ್ಯವಾದ ಮೇಲೆ ಅದು ಅಪರಾಧ.

ಆಮೇಲೆ ಲಂಟಾನ. ದಕ್ಷಿಣ ಅಮೆರಿಕದ ಕಡೆಯ ಈ ಪೊದೆಯನ್ನು ಹೂವಿನ ಚೆಂದಕ್ಕೆಂದು ಭಾರತಕ್ಕೆ ತಂದದ್ದು 19ನೇ ಶತಮಾನದ ಆದಿಯಲ್ಲಿ. ಬಿಳಿಗಿರಿಯಲ್ಲಿ ಅಳೆದ ತುಂಡುನೆಲಗಳಲ್ಲಿ 1997ರಲ್ಲಿ ನೂರಕ್ಕೆ ಸುಮಾರು 41ರಲ್ಲಿ ಲಂಟಾನ ಇತ್ತು, 2008ರಲ್ಲಿ 81ರಲ್ಲಿ. ಏಟ್ರೀ ಸಂಸ್ಥೆಯ ಭರತ್ ಸುಂದರಂ ಮತ್ತು ಅಂಕಿಲಾ ಹಿರೇಮಠ ಮಾಡಿದ ಕೆಲಸ ಅದು. ಯಾಕೆ ಹೀಗಾಯಿತು ಎಂದು ಸೋಲಿಗ ಹಿರಿಯರನ್ನು ಕೇಳಿದಾಗ ಬಂದ ಉತ್ತರಗಳಲ್ಲಿ ಮುಖ್ಯವಾದದ್ದು: ನೀವು ತರಗು ಬೆಂಕಿ ನಿಲ್ಲಿಸಿದಿರಿ, ಬೀಜ, ಎಳೆಸಸಿ ಸುಡುವವರಿಲ್ಲ.

ಇನ್ನು ಈಗ ಹಚ್ಚಿದರೆ? ಆಳೆತ್ತರ ಬೆಳೆದ ಲಂಟಾನವೇ ಉರುವಲು. ಅದರ ಮೇಲೆ ಹತ್ತಿದ ಜ್ವಾಲೆ ಮರದ ನೆತ್ತಿ ಮುಟ್ಟುತ್ತದೆ. ಬುಡಕ್ಕೆ ಬೆಂಕಿ ತಗುಲಿದರೂ ಲಂಟಾನ ಬೇರಿನಿಂದ ಮತ್ತೆ ಚಿಗುರುತ್ತದೆ. ಅಂದಮೇಲೆ ನಿಲ್ಲಿಸಿದ್ದು ತಪ್ಪೆಂದರೂ ಮತ್ತೆ ಶುರುಮಾಡುವುದು ಸರಿಯಾಗಲಿಕ್ಕಿಲ್ಲ. ಈ ವಾದಕ್ಕೆ ಎರಡು ಪಕ್ಷದವರೂ ಬರುತ್ತಾರೆ, ಇಬ್ಬರೂ ಇಷ್ಟರವರೆಗೆ ಬಂದು ಬೇರೆ ಮಾತು ತೆಗೆಯುತ್ತಾರೆ.

ಉಳಿದದ್ದು ಕೈಕೆಲಸ. ಲಂಟಾನವನ್ನು ಬುಡದಲ್ಲಿ ಕಡಿದರೆ ಮರುವರ್ಷ ಎರಡರಷ್ಟು. ಅದಕ್ಕೆ ದೆಹಲಿಯ ವಿಜ್ಞಾನಿ ಸಿ.ಆರ್. ಬಾಬು ಅವರ ತಂಡ ಒಂದು ಉಪಾಯ ಕೊಟ್ಟಿದೆ: ಮಣ್ಣಿನೊಳಗೆ ತುಸು ಇಳಿದು, ಚಿಗುರೊಡೆಯುವ ಗಂಟಿನ ಕೆಳಗೆ ಮುಖ್ಯ ಬೇರನ್ನು ಕತ್ತರಿಸಿ, ಪೊದೆಯನ್ನು ತಲೆಕೆಳಗಾಗಿ ಇಟ್ಟುಬಿಡುವುದು. ಬೇರು ಆಕಾಶಕ್ಕೆ, ಹೂವು ನೆಲಕ್ಕೆ. ಈ ವಿಧಾನದಲ್ಲಿ ಕಿತ್ತ ಒಂದು ಇಳಿಜಾರು ಕಂಡೆ. ಪಿಕಾಸಿ ಮೂರು ಏಟು, ಒಂದು ತಿರುವು, ಎತ್ತಿ ಮಗುಚುವುದು, ಬೆನ್ನು ನೆಟ್ಟಗೆ ಮಾಡಿಕೊಳ್ಳುವುದು. ಮುಂದಿನ ಪೊದೆ. ಬುಲ್‌ಬುಲ್ ಹಕ್ಕಿಗಳು ಆಗಲೇ ಪಕ್ಕದ ಪೊದೆಯ ಕಪ್ಪು ಹಣ್ಣು ತಿಂದು ಕಿತ್ತ ಜಾಗದ ಕಡೆ ಹಾರುತ್ತಿದ್ದವು.

*

ಉಪಗ್ರಹದ ಬೆಂಕಿ ಎಚ್ಚರಿಕೆ ಮೊಬೈಲಿಗೆ ಬರುತ್ತದೆ. ಒಂದು ಚುಕ್ಕೆ ಅಂದರೆ ನೆಲದ ಮೇಲೆ 375 ಮೀಟರ್ ಅಗಲ, ಹಳೆಯ ಉಪಗ್ರಹವಾದರೆ ಒಂದು ಕಿಲೋಮೀಟರ್. ಅದರೊಳಗೆ ಎಲ್ಲಿ ಎಂದು ಹುಡುಕುವುದು ಕಾಲುಗಳ ಕೆಲಸ. ಒಂದು ಸಂಜೆ ಸಂದೇಶ ನೋಡಿ ಗಾರ್ಡ್ ನಕ್ಕರು. ‘ಇದು ನಾವೇ ಸಾರ್. ಬೆಳಿಗ್ಗೆ ಸುಟ್ಟ ಲೈನು.’ ಆದರೂ ಜಾಗಕ್ಕೆ ಹೋಗಿ ಫೋಟೊ ತೆಗೆದು ಕಳಿಸಲೇಬೇಕು. ಹೋದರು.

*

ಬೇಸಿಗೆಗೆ ಕೆರೆ ಬತ್ತಿದರೆ ಸೋಲಾರ್ ಪಂಪಿನಿಂದ ಬೋರ್‌ವೆಲ್ ನೀರು ತುಂಬುತ್ತಾರೆ. ನೀರಿದ್ದಲ್ಲೇ ಜಿಂಕೆ ನಿಲ್ಲುತ್ತದೆ, ಜಿಂಕೆ ನಿಂತಲ್ಲಿ ಹುಲ್ಲು ಬೋಳಾಗುತ್ತದೆ. ನೀರು ಹಾಕದಿದ್ದರೆ ಆನೆ ಊರಿಗೆ ಇಳಿಯುತ್ತದೆ ಎಂಬ ಹೆದರಿಕೆ. ಸದ್ಯಕ್ಕೆ ಹೆದರಿಕೆಯೇ ಗೆದ್ದಿದೆ.

*

ಎಣಿಕೆಯ ವಾರ. ಎರಡು ಕಿಲೋಮೀಟರ್ ನೇರ ಗೆರೆ, ಮುಂಜಾನೆ, ಮಾತಿಲ್ಲದೆ ನಡಿಗೆ. ಪ್ರಾಣಿ ಕಂಡರೆ ದಿಕ್ಸೂಚಿಯಲ್ಲಿ ಕೋನ, ಯಂತ್ರದಲ್ಲಿ ದೂರ. ವಾಪಸು ಬರುವಾಗ ನಾನೂರು ಮೀಟರಿಗೊಮ್ಮೆ ನಿಂತು ನೆಲ ನೋಡುವುದು. ಮರ ಎಷ್ಟು, ಪೊದೆ ಎಷ್ಟು, ಹಿಕ್ಕೆ ಯಾರದ್ದು. ವಾಚರ್ ಕಾಡುಕುರಿಯ ಹಿಕ್ಕೆಯನ್ನೂ ಜಿಂಕೆಯದನ್ನೂ ಅಂಗೈಯಲ್ಲಿ ಅಕ್ಕಪಕ್ಕ ಇಟ್ಟು ತೋರಿಸಿದರು. ನನಗೆ ಎರಡೂ ಒಂದೇ. ಅವರು ಬೆರಳಲ್ಲಿ ಒತ್ತಿ, ‘ಇದು ನೆನ್ನೇದು, ಇದು ಮಳೆಗೆ ಮುಂಚಿನ್ದು’ ಎಂದರು.

ಇದನ್ನೆಲ್ಲ ತುಂಬುವ ಹಾಳೆಯಲ್ಲಿ ಇನ್ನೊಂದು ಭಾಗ: ಮಾನವ ಹಸ್ತಕ್ಷೇಪ. ಕೊಂಬೆ ಕಡಿದಿದೆಯೇ, ಸೌದೆ ತೆಗೆದಿದ್ದಾರೆಯೇ, ಹುಲ್ಲು ಕೊಯ್ದಿದ್ದಾರೆಯೇ, ಜನ, ದನ ಕಂಡಿತೇ. ಹೌದು, ಇಲ್ಲ.

ಒಂದು ನಿಲುಗಡೆಯಲ್ಲಿ ನೆಲ್ಲಿಮರ. ಅರ್ಧ ಮರ ನೆಲ್ಲಿಯದಲ್ಲ, ಬಂದಳಿಕೆಯದು. ಕೊಂಬೆಯ ರಸ ಹೀರಿ ಕೊಬ್ಬಿದ ಪರಾವಲಂಬಿ. ಒಂದು ಕೊಂಬೆಯನ್ನು ಮಾತ್ರ ಯಾರೋ ಬಂದಳಿಕೆಯ ಬುಡದಿಂದ ಹಿಂದಕ್ಕೆ, ನೀಟಾಗಿ, ಕಡಿದಿದ್ದರು. ನೆಲ್ಲಿಕಾಯಿ ಕೊಯ್ಯುವವರು ಹಿಂದೆಲ್ಲ ಹಾಗೇ ಮಾಡುತ್ತಿದ್ದರಂತೆ: ಕಾಯಿ ಕೀಳುವಾಗ ಬಂದಳಿಕೆ ಹಿಡಿದ ಕೊಂಬೆ ಸವರುವುದು. ತರಗು ಬೆಂಕಿಯೂ ಅದನ್ನು ಹತೋಟಿಯಲ್ಲಿಡುತ್ತಿತ್ತು ಎಂದು ಸೋಲಿಗರ ಮಾತು. ವನ್ಯಜೀವಿ ಕಾಯ್ದೆಗೆ 2002ರಲ್ಲಿ ತಿದ್ದುಪಡಿಯಾದ ಮೇಲೆ ಇಲ್ಲಿ ಮಾರಾಟಕ್ಕೆ ಕಿರು ಅರಣ್ಯ ಉತ್ಪನ್ನ ತೆಗೆಯುವುದು ನಿಂತಿತು. 2011ರಲ್ಲಿ ಅರಣ್ಯ ಹಕ್ಕು ಕಾಯ್ದೆಯಡಿ ಸೋಲಿಗರ ಗ್ರಾಮಸಭೆಗಳಿಗೆ ಸಾಮುದಾಯಿಕ ಹಕ್ಕು ಸಿಕ್ಕಿತು. ದೇಶದ ಹುಲಿ ಸಂರಕ್ಷಿತ ಪ್ರದೇಶಗಳಲ್ಲಿ ಅದೇ ಮೊದಲು. ನಡುವಿನ ವರ್ಷಗಳಲ್ಲಿ ಕಾಯಿ ಕೊಯ್ಯುವವರಿಲ್ಲದೆ ಬಂದಳಿಕೆಗೆ ಹಬ್ಬ.

ಕಡಿದ ಕೊಂಬೆಯನ್ನು ಏನೆಂದು ಬರೆಯುವುದು? ಗಾರ್ಡ್ ಪೆನ್ನು ಎತ್ತಿ ವಾಚರ್ ಮುಖ ನೋಡಿದರು.

‘ಮರಕ್ಕೆ ವೈದ್ಯ ಮಾಡವ್ರೆ ಸಾ.’

‘ಅದಕ್ಕೆ ಕಾಲಂ ಇಲ್ವಲ್ಲಪ್ಪ.’

‘ಹಂಗಾರೆ ಕಡಿದವ್ರೆ ಅಂತ ಬರ್ಕಳಿ.’

ಹೌದು ಎಂಬ ಕಡೆ ಗುರುತು ಬಿತ್ತು. ಬಂದಳಿಕೆಗೆ ಹಾಳೆಯಲ್ಲಿ ಎಲ್ಲೂ ಜಾಗವಿರಲಿಲ್ಲ. ಮುಂದಿನ ನಿಲುಗಡೆಗೆ ಇನ್ನೂ ನಾನೂರು ಮೀಟರ್ ಇತ್ತು, ಬಿಸಿಲು ಏರುತ್ತಿತ್ತು. ವಾಚರ್ ಆಗಲೇ ಮುಂದೆ ಹೋಗಿ ಲಂಟಾನ ಸವರಿ ದಾರಿ ಮಾಡತೊಡಗಿದ್ದರು.