ಮೂರು ಸಂತೆ, ಒಂದು ತಕ್ಕಡಿ

ನಿಮ್ಮೂರಲ್ಲಿ ಸಂತೆ ಯಾವ ವಾರ ಎಂದು ಕೇಳಿದರೆ ನಿಮ್ಮಲ್ಲಿ ಹಲವರು ಥಟ್ಟನೆ ಹೇಳುತ್ತೀರಿ. ಕೊನೆಯ ಸಲ ನೀವೇ ಸಂತೆಗೆ ಹೋದದ್ದು ಯಾವಾಗ ಎಂದು ಕೇಳಿದರೆ ಸ್ವಲ್ಪ ಯೋಚಿಸಬೇಕಾಗುತ್ತದೆ, ಅಲ್ಲವೇ? ನಮ್ಮ ಎಷ್ಟೋ ಮನೆಗಳಲ್ಲಿ ಚೀಲ ಹಿಡಿದು ಹೊರಡುವವರು ಗಂಡಸರು. ಅವರು ತಂದದ್ದರಲ್ಲಿ ಕೊಳೆತ ಟೊಮೆಟೊ ಆರಿಸಿ ಬಿಸಾಡುವುದು ನಮ್ಮ ಪಾಲಿನ ಕೆಲಸ. ನಾನೂ ಹಾಗೆ ಬೆಳೆದವಳೇ. ಮದುವೆಯಾಗಿ ಹುಬ್ಬಳ್ಳಿಗೆ ಬಂದ ಮೇಲೆ ಅಂಗಡಿಗಳಿಗೆ ಹೋಗುವುದು ರೂಢಿಯಾಯಿತು. ಆದರೆ ನೆಲದ ಮೇಲೆ ತಾಡಪಾಲು ಹಾಸಿ, ತಕ್ಕಡಿಯ ಹಿಂದೆ ಕುಳಿತು, ಆ ಬದಿಯಿಂದ ಸಂತೆಯನ್ನು ನೋಡಿದ್ದು ಕಳೆದ ಡಿಸೆಂಬರಿನಲ್ಲೇ ಮೊದಲು.

ಹೋದದ್ದು ನೋಡಲೆಂದಲ್ಲ, ನನ್ನ ಆಪಾಳನ್ನು ಕರೆತರಲು.

ಆಪಾ ಇರುವುದು ಶಿರಸಿಯಲ್ಲಿ. ನಮ್ಮ ದುಲ್ಹಾಭಾಯಿಗೆ ಅಂಗಡಿ ಎಂಬುದು ಇರಲಿಲ್ಲ. ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಕೊತ್ತಂಬರಿ ಬೀಜ, ಹುಣಸೆಹಣ್ಣು ಇಟ್ಟುಕೊಂಡು ರವಿವಾರ ಯಲ್ಲಾಪುರ, ಮಂಗಳವಾರ ಶಿರಸಿ, ಬುಧವಾರ ಸಿದ್ದಾಪುರ ಎಂದು ಇಪ್ಪತ್ತು ವರ್ಷ ಸಂತೆ ಸುತ್ತಿದರು. ಒಂದು ರಾತ್ರಿ ಎದೆನೋವೆಂದವರು ಬೆಳಗಾಗುವಷ್ಟರಲ್ಲಿ ಇರಲಿಲ್ಲ. ಇನ್ನಾ ಲಿಲ್ಲಾಹಿ. ಮಗಳು ಪಿಯುಸಿ ಓದುತ್ತಿದ್ದಳು, ಮಗ ಎಂಟನೆಯ ತರಗತಿ. ಆಪಾ ನಾಲ್ಕು ತಿಂಗಳು ಹತ್ತು ದಿನದ ಇದ್ದತ್ ಮುಗಿಸಿದಳು. ಮುಗಿಸಿದ ಎರಡನೆಯ ವಾರಕ್ಕೇ ತಕ್ಕಡಿ ಒರೆಸಿ, ಬುರ್ಖಾ ತೊಟ್ಟು, ಸಂತೆಗೆ ಹೊರಟಳು.

ನಮ್ಮ ತವರಿನಲ್ಲಿ ಇದು ದೊಡ್ಡ ಗಲಾಟೆಯಾಯಿತು. "ನಾವು ಇಬ್ಬರು ಅಣ್ಣತಮ್ಮಂದಿರು ಬದುಕಿದ್ದೇವೆ. ನಮ್ಮ ಮನೆಯ ಹೆಣ್ಣು ಬೀದಿಯಲ್ಲಿ ಕೂತು ಬೆಳ್ಳುಳ್ಳಿ ಮಾರಬೇಕೇ?" ಎಂದರು ಭಾಯಿಜಾನ್. ತಿಂಗಳಿಗಿಷ್ಟು ಎಂದು ಕೊಡುತ್ತೇವೆ, ಮಕ್ಕಳೊಂದಿಗೆ ಇಲ್ಲಿಗೇ ಬರಲಿ ಎಂಬುದು ಅವರ ಮಾತು. ಅದರಲ್ಲಿ ಪ್ರೀತಿ ಇರಲಿಲ್ಲವೆಂದು ನಾನು ಹೇಳಲಾರೆ. ಆಪಾ ಫೋನಿನಲ್ಲಿ ಜಗಳವಾಡಲಿಲ್ಲ, ಹೂಂ ಎನ್ನಲೂ ಇಲ್ಲ. ಕೊನೆಗೆ ನನ್ನನ್ನು ಕಳಿಸಿದರು. ಹೆಣ್ಣಿನ ಮಾತನ್ನು ಹೆಣ್ಣು ಕೇಳುತ್ತಾಳೆ ಎಂಬ ನಂಬಿಕೆ.

ನಾನು ಬಂದ ಕಾರಣವನ್ನು ಮುಚ್ಚಿಡಲಿಲ್ಲ. ಆಪಾ ಚಹಾ ಸೋಸುತ್ತಾ ಎಲ್ಲವನ್ನೂ ಕೇಳಿಸಿಕೊಂಡು, "ಒಂದು ವಾರ ಇರು. ಮೂರು ಸಂತೆಗೂ ಬಾ. ಆಮೇಲೆ ನೀನು ಏನು ಹೇಳುತ್ತೀಯೋ ಕೇಳುತ್ತೇನೆ" ಎಂದಳು.

ಈ ಮೂರು ಊರುಗಳನ್ನು ನೋಡದವರಿಗಾಗಿ ಒಂದೆರಡು ಮಾತು ಹೇಳಬೇಕು. ಉತ್ತರ ಕನ್ನಡ ಜಿಲ್ಲೆಯಲ್ಲಿ ಊರನ್ನು ಗುರುತಿಸುವುದು ಗಟ್ಟದ ಮೇಲೆ, ಗಟ್ಟದ ಕೆಳಗೆ ಎಂದು. ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ಗಟ್ಟದ ಮೇಲಿನವು. ಪಶ್ಚಿಮಕ್ಕೆ ಇಳಿದರೆ ಅಂಕೋಲಾ, ಕುಮಟಾ, ಹೊನ್ನಾವರದ ಕಡಲು. ಪೂರ್ವಕ್ಕೆ ಸಾಗಿದರೆ ಹಾವೇರಿ, ಹುಬ್ಬಳ್ಳಿಯ ಬಯಲು. ನಡುವೆ ಕಾಡು, ಕಾಡಿನ ಕಣಿವೆಗಳಲ್ಲಿ ಅಡಿಕೆ ತೋಟ. ತೋಟದಲ್ಲಿ ಅಡಿಕೆ, ಕಾಳುಮೆಣಸು, ಏಲಕ್ಕಿ, ಬಾಳೆ ಬೆಳೆಯುತ್ತದೆ. ಆದರೆ ಇಷ್ಟು ಮಳೆ ಸುರಿಯುವಲ್ಲಿ ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಜೋಳವನ್ನೆಲ್ಲ ಬೆಳೆದು ಒಣಗಿಸುವುದು ಹೇಗೆ? ಅವು ಬಯಲಿನಿಂದ ಬರಬೇಕು. ಒಣಮೀನು ಕಡಲ ಕಡೆಯಿಂದ ಬರಬೇಕು. ಹೀಗೆ ಮೂರು ಸೀಮೆಯ ಜನ ಮುಖಾಮುಖಿಯಾಗುವ ಜಾಗವೇ ಇಲ್ಲಿಯ ಸಂತೆ. ಬಿರಿಯಾನಿಗೆ ಹಾಕುವ ಬೆಳ್ಳುಳ್ಳಿ ಎಲ್ಲಿಂದ ಬಂತು ಎಂದು ನಾವು ಕೇಳುವುದಿಲ್ಲ. ಗಟ್ಟದ ಮೇಲಿನವರಿಗೆ ಅದು ಗೊತ್ತಿರುತ್ತದೆ.

ರವಿವಾರ ಬೆಳಗಿನ ಜಾವ ಫಜ್ರ್ ಮುಗಿಸಿ ಹೊರಟೆವು. ಚೀಲಗಳು ಹಿಂದಿನ ರಾತ್ರಿಯೇ ಬೇರೆ ವ್ಯಾಪಾರಿಗಳ ಸರಕಿನೊಂದಿಗೆ ಟೆಂಪೋ ಏರಿದ್ದವು. ಶಿರಸಿಯಿಂದ ಯಲ್ಲಾಪುರಕ್ಕೆ ಸುಮಾರು ಐವತ್ತು ಕಿಲೋಮೀಟರ್, ದಾರಿಯುದ್ದಕ್ಕೂ ಕಾಡು, ಮಂಜು. 2023ರ ಜೂನ್ 11ರಿಂದ ನಮ್ಮ ರಾಜ್ಯದಲ್ಲಿ ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟಿಗೆ ದುಡ್ಡಿಲ್ಲ. ಈ ಯೋಜನೆಯ ಬಗ್ಗೆ ಯಾರು ಏನೇ ವಾದ ಮಾಡಲಿ, ಸಂತೆ ಮಾಡುವ ಹೆಂಗಸಿಗೆ ವಾರಕ್ಕೆ ಮೂರು ದಿನದ ಬಸ್ ಚಾರ್ಜು ಉಳಿಯುವುದೆಂದರೆ ಏನೆಂದು ಆ ಬಸ್ಸಿನಲ್ಲಿ ಕುಳಿತಾಗ ತಿಳಿಯಿತು. ಅರ್ಧ ಬಸ್ಸು ಬುಟ್ಟಿ ಹಿಡಿದ ಹೆಂಗಸರೇ.

ಯಲ್ಲಾಪುರದ ಸಂತೆಯಲ್ಲಿ ನನ್ನ ಕಣ್ಣು ಮೊದಲು ನಿಂತದ್ದು ಸಿದ್ದಿಯರ ಮೇಲೆ. ಗುಂಗುರು ಕೂದಲು, ದಪ್ಪ ತುಟಿ, ನಮ್ಮದೇ ಕನ್ನಡ, ಕೊಂಕಣಿ. ಆಫ್ರಿಕಾದಿಂದ ಗುಲಾಮರಾಗಿ ತರಲ್ಪಟ್ಟವರ ಸಂತತಿ ಇವರು. ಅರಬರ, ಪೋರ್ಚುಗೀಸರ ಹಡಗುಗಳಲ್ಲಿ ಬಂದು, ಗೋವೆಯ ಕಡೆಯಿಂದ ತಪ್ಪಿಸಿಕೊಂಡು ಈ ಕಾಡು ಸೇರಿದವರು ಬಹಳ ಮಂದಿ. ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡ ಕಡೆ ಇದ್ದಾರೆ. ಅವರಲ್ಲಿ ಹಿಂದೂಗಳು, ಕ್ರೈಸ್ತರು, ಮುಸ್ಲಿಮರು ಮೂವರೂ ಉಂಟು. ಉತ್ತರ ಕನ್ನಡದ ಸಿದ್ದಿಯರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿದ್ದು 2003ರಲ್ಲಿ. 2020ರಲ್ಲಿ ಆ ಸಮುದಾಯದ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಅಷ್ಟು ಶತಮಾನ ಕಾದ ಮೇಲೆ!

ಆಪಾಳ ಬಳಿಗೆ ಒಬ್ಬ ಸಿದ್ದಿ ಹೆಂಗಸು ಬಂದು ಪಕ್ಕದಲ್ಲೇ ಕುಳಿತಳು. ಕಾಲು ಕಿಲೋ ಮೆಣಸಿನಕಾಯಿ ಕಟ್ಟಿಸಿಕೊಂಡು, ಚೀಲದಿಂದ ಒಂದು ಕೌದಿ ತೆಗೆದಳು. ಸಿದ್ದಿ ಹೆಂಗಸರ ಕೌದಿ ಈಗ ಹೊರದೇಶದವರೆಗೂ ಹೆಸರಾಗಿದೆ. ಹಳೆಯ ಬಟ್ಟೆಯ ತುಂಡುಗಳನ್ನು ಅಂಚಿನಿಂದ ಒಳಕ್ಕೆ ಸುತ್ತುತ್ತಾ ಹೊಲಿಯುತ್ತಾರೆ, ಮೂಲೆಗಳಲ್ಲಿ ಮಡಚಿದ ಸಣ್ಣ ತುಂಡುಗಳ ಹೂವು ಇಡುತ್ತಾರೆ. ಮೂಲೆಗೆ ಹೂವಿಲ್ಲದ ಕೌದಿ ಬೆತ್ತಲೆ ಎನ್ನುವುದು ಅವರ ಮಾತು.

ನಾನು ಚೆಂದವಿದೆ ಎಂದು ಕೈಯಾಡಿಸಿದೆ. ಆಗ ಒಂದು ನೀಲಿ ಗೆರೆಯ ತುಂಡು ಕಂಡಿತು. ಈದ್‌ಗೆಂದು ನಾನೇ ದುಲ್ಹಾಭಾಯಿಗೆ ಕೊಡಿಸಿದ್ದ ಶರ್ಟು. ಪಕ್ಕದಲ್ಲಿ ಅವರ ಲುಂಗಿಯ ಚೌಕಳಿ. ಹಂಚಿ ಉಳಿದ ಬಟ್ಟೆಗಳನ್ನು ಆಪಾ ಈ ಹೆಂಗಸಿಗೆ ಕೊಟ್ಟು ಹೊಲಿಯಲು ಹೇಳಿದ್ದಳಂತೆ. "ಅಕ್ಕಾ, ಕೂಲಿ ಬೇಡ, ಸಾಬರು ನಮಗೆ ಮಳೆಗಾಲದಲ್ಲಿ ಉದ್ರಿ ಕೊಟ್ಟವರು" ಎಂದಳು ಅವಳು. ಆಪಾ ಕೂಲಿಯನ್ನು ಲೆಕ್ಕ ಮಾಡಿ ಕೈಗಿಟ್ಟಳು. ಮೇಲೆ ಒಂದು ಹಿಡಿ ಬೆಳ್ಳುಳ್ಳಿ ಹಾಕಿದಳು. ಇಬ್ಬರೂ ಅತ್ತದ್ದಿಲ್ಲ. ಅಷ್ಟರಲ್ಲಿ ಬೆಣ್ಣೆ ಮಾರಿ ಬಂದ ಗೌಳಿ ಹೆಂಗಸರ ಗುಂಪು ಹುಣಸೆಹಣ್ಣಿಗೆ ಚೌಕಾಶಿ ಶುರುಮಾಡಿತ್ತು.

ಉದ್ರಿ ಎಂದೆನಲ್ಲ, ಭಾಯಿಜಾನ್‌ಗೆ ತಿಳಿಯದೇ ಇದ್ದದ್ದು ಇದೇ. ಶಿರಸಿಯ ಸಂತೆಯಲ್ಲಿ ಅದು ನನಗೆ ಪೂರ್ತಿ ಅರ್ಥವಾಯಿತು.

ಶಿರಸಿ ದೊಡ್ಡ ಪೇಟೆ. ಅಡಿಕೆಯ ಊರು. ಬೆಳೆಗಾರರೇ ಸೇರಿ ಕಟ್ಟಿದ ತೋಟಗಾರ್ಸ್ ಸೇಲ್ ಸೊಸೈಟಿ 1923ರಷ್ಟು ಹಳೆಯದು. 2019ರಲ್ಲಿ 'ಶಿರಸಿ ಸುಪಾರಿ'ಗೆ ಭೌಗೋಳಿಕ ಗುರುತಿನ ಮನ್ನಣೆಯೂ ಸಿಕ್ಕಿದೆ. ಅಡಿಕೆಯ ದರ ಏರಿತೋ ಇಳಿಯಿತೋ ಎಂಬುದು ಮಂಗಳವಾರದ ಸಂತೆಯಲ್ಲಿ ಬೆಳ್ಳುಳ್ಳಿ ಕೊಳ್ಳುವವರ ಮುಖದಲ್ಲೇ ಗೊತ್ತಾಗುತ್ತದೆ ಎನ್ನುತ್ತಾಳೆ ಆಪಾ. ಡಿಸೆಂಬರ್ ಕೊಯ್ಲಿನ ಕಾಲ. ರಾತ್ರಿಯವರೆಗೂ ಮೆಟ್ಟುಗತ್ತಿಯ ಮೇಲೆ ಕುಳಿತು ಅಡಿಕೆ ಸುಲಿಯುವ ಹೆಂಗಸರ ಕೈಯಲ್ಲಿ ಆಗ ಸ್ವಂತದ ನಾಲ್ಕು ಕಾಸು ಇರುತ್ತದೆ. ಅವರು ಗಂಡನನ್ನು ಕೇಳದೆ ಕೊಳ್ಳುವ ಎರಡು ತಿಂಗಳು ಅದು. ಇನ್ನು ಬೇಸಿಗೆಯ ಬಾಗಿಲಲ್ಲಿ ಮಾವಿನಮಿಡಿ ಬಂದಿತೆಂದರೆ ಮನೆಮನೆಗೆ ಉಪ್ಪಿನಕಾಯಿಯ ಸಡಗರ. ಆಗ ಬ್ಯಾಡಗಿ ಮೆಣಸಿನಕಾಯಿ ಕಿಲೋಗಟ್ಟಲೆ ಹೋಗುತ್ತದೆ. ಖಾರ ಕಡಿಮೆ, ಬಣ್ಣ ಜಾಸ್ತಿ ಎಂದು ಅದೇ ಬೇಕು. ಇದೆಲ್ಲ ದುಲ್ಹಾಭಾಯಿಯ ತಲೆಯಲ್ಲಿದ್ದ ಪಂಚಾಂಗ. ಆಪಾ ಇಪ್ಪತ್ತು ವರ್ಷ ಮನೆಯಲ್ಲಿ ಮೆಣಸಿನಕಾಯಿಯ ತೊಟ್ಟು ಮುರಿಯುತ್ತಾ, ಚೀಲ ಕಟ್ಟುತ್ತಾ ಅದನ್ನು ಕೇಳಿಸಿಕೊಂಡಿದ್ದಳು. ವ್ಯಾಪಾರ ಅವಳಿಗೆ ಹೊಸದಲ್ಲ, ಕೂರುವ ಜಾಗ ಮಾತ್ರ ಹೊಸದು.

ಆ ಜಾಗದ ವಿಷಯವೇ ಮುಖ್ಯ. ಸಂತೆಯಲ್ಲಿ ವ್ಯಾಪಾರಿಗೆ ಬೋರ್ಡಿಲ್ಲ, ಬಾಗಿಲಿಲ್ಲ. ಅವನು ಕೂರುವ ನಾಲ್ಕು ಮೊಳವೇ ಅವನ ವಿಳಾಸ. ಸಾಲ ಪಡೆದವನು ಅಲ್ಲಿಗೆ ಬಂದು ತೀರಿಸುತ್ತಾನೆ, ಹಳೆಯ ಗಿರಾಕಿ ಅಲ್ಲಿಗೆ ಬಂದು ನಿಲ್ಲುತ್ತಾನೆ. ನಾಲ್ಕು ವಾರ ಖಾಲಿ ಬಿಟ್ಟರೆ ಇನ್ನೊಬ್ಬರ ತಾಡಪಾಲು ಬೀಳುತ್ತದೆ. ಆಪಾಳ ಇದ್ದತ್‌ನ ನಾಲ್ಕು ತಿಂಗಳೂ ಶಿರಸಿಯ ಆ ಜಾಗವನ್ನು ಕಾದವಳು ಪಕ್ಕದಲ್ಲಿ ಕೂರುವ ಒಣಮೀನಿನ ಹೆಂಗಸು. ಗಟ್ಟ ಹತ್ತಿ ಬರುವವಳು. ತನ್ನ ಬುಟ್ಟಿಗಳನ್ನು ಬೇಕೆಂದೇ ಅಗಲವಾಗಿ ಹರಡಿಕೊಂಡು, ಕೇಳಿದವರಿಗೆ "ಬೀಬಿ ಬರ್ತಾಳೆ" ಎಂದು ಹೇಳುತ್ತಿದ್ದಳಂತೆ. ಆಪಾ ಬರುವಳೋ ಇಲ್ಲವೋ ಅವಳಿಗೂ ಗೊತ್ತಿರಲಿಲ್ಲ.

ನಾನು ಕುಳಿತಿದ್ದಾಗಲೇ ಬಿಳಿ ಪಂಚೆಯ ವಯಸ್ಸಾದ ಹೆಗಡೆಯವರೊಬ್ಬರು ಬಂದರು. ದುಲ್ಹಾಭಾಯಿ ಹೋದ ಸುದ್ದಿ ಅವರಿಗೆ ತಡವಾಗಿ ತಿಳಿದಿತ್ತು. "ಸಾಬರ ಹತ್ರ ಏಳುನೂರ ನಲವತ್ತು ಬಾಕಿ ಇತ್ತು ತಂಗೀ" ಎಂದು ಎಣಿಸಿ ಕೊಟ್ಟರು. ಆಪಾ ಉದ್ರಿಯ ಪುಸ್ತಕ ತೆಗೆದು ನೋಡಿದಳು. ಅದರಲ್ಲಿ ಇದ್ದದ್ದು ಆರುನೂರು. ಹೆಗಡೆಯವರು ಒಪ್ಪಲಿಲ್ಲ. "ಪುಸ್ತಕಕ್ಕೆ ಬರೆಯದೆಯೂ ಒಮ್ಮೆ ಕೊಟ್ಟಿದ್ರು" ಎಂದು ಹೊರಟೇಬಿಟ್ಟರು. ಆ ಪುಸ್ತಕದಲ್ಲಿ ಇನ್ನೂ ಮೂರು ಪುಟ ಬಾಕಿಯಿದೆ. ಹಳ್ಳಿಯ ಹೆಸರು, ಮನೆಯ ಗುರುತು, ಮೊತ್ತ, ಅಷ್ಟೇ. ಆಪಾ ತವರಿಗೆ ಬಂದುಬಿಟ್ಟರೆ ಆ ಹಣವನ್ನು ಯಾರಿಗೆ ತಂದು ಕೊಡಬೇಕು? ಅದಕ್ಕಿಂತ ಹೆಚ್ಚಾಗಿ, ದುಲ್ಹಾಭಾಯಿ ಬೇರೆಯವರಿಗೆ ಕೊಡಬೇಕಿದ್ದದ್ದೂ ಅದರಲ್ಲಿದೆ. ಮಯ್ಯಿತ್‌ನ ಸಾಲ ಎಷ್ಟು ಭಾರದ್ದು ಎಂದು ನಿಮಗೆ ನಾನು ಹೇಳಬೇಕಿಲ್ಲ. ಆಪಾ ಅದನ್ನು ತಿಂಗಳು ತಿಂಗಳೂ ತನ್ನ ದುಡಿಮೆಯಿಂದ ತೀರಿಸುತ್ತಿದ್ದಾಳೆ. ಅಣ್ಣಂದಿರು ಕೊಡುವ ಹಣ ಊಟಕ್ಕೆ ಸಾಲುತ್ತದೆ. ಇದಕ್ಕೆ ಕೈಚಾಚಲು ಅವಳಿಗೆ ಮನಸ್ಸಿಲ್ಲ.

ಎಲ್ಲವೂ ಹೀಗೆ ಚೆಂದವೇ ಎಂದು ತಿಳಿಯಬೇಡಿ. ನಮ್ಮ ದೂರದ ಸಂಬಂಧಿಕರೊಬ್ಬರು ಎದುರಿನಿಂದ ಬಂದು, ಆಪಾಳನ್ನು ನೋಡಿ, ಕತ್ತು ತಿರುಗಿಸಿ ಬಾಳೆಕಾಯಿ ನೋಡಲು ನಿಂತದ್ದನ್ನು ಕಂಡೆ. ಇನ್ನೊಂದು ಕಷ್ಟವನ್ನು ಹೆಂಗಸರ ಪತ್ರಿಕೆಯಲ್ಲಲ್ಲದೆ ಬೇರೆಲ್ಲಿ ಬರೆಯಲಿ? ಒಂದು ಸಂತೆಯಲ್ಲಿ, ಯಾವ ಊರೆಂದು ಹೇಳುವುದಿಲ್ಲ, ಹೆಂಗಸರಿಗೆ ಶೌಚಾಲಯವೇ ಇಲ್ಲ. ಆ ದಿನ ಆಪಾ ಬೆಳಗ್ಗೆ ಅರ್ಧ ಲೋಟ ಚಹಾ ಕುಡಿದವಳು ಸಂಜೆ ಬಸ್ಸು ಹತ್ತುವವರೆಗೆ ನೀರು ಮುಟ್ಟುವುದಿಲ್ಲ. ಅಲ್ಲಿ ಕೂರುವ ಎಲ್ಲ ಹೆಂಗಸರ ಕಥೆಯೂ ಅದೇ. ಬೀದಿ ವ್ಯಾಪಾರಿಗಳ ರಕ್ಷಣೆಗೆಂದು 2014ರಲ್ಲಿ ಕೇಂದ್ರದ ಕಾಯಿದೆಯೇ ಬಂದಿದೆ. ಪಟ್ಟಣದ ವ್ಯಾಪಾರ ಸಮಿತಿಯಲ್ಲಿ ವ್ಯಾಪಾರಿಗಳ ಪ್ರತಿನಿಧಿಗಳಿರಬೇಕು, ಅವರಲ್ಲಿ ಮೂರನೆಯ ಒಂದು ಪಾಲು ಹೆಂಗಸರಿರಬೇಕು ಎಂದು ಅದು ಹೇಳುತ್ತದೆ. ಅಂಥ ಒಬ್ಬ ಹೆಂಗಸು ಸಭೆಯಲ್ಲಿ ಬಾಯಿ ತೆರೆದರೆ ಮೊದಲು ಕೇಳುವುದು ಇದನ್ನೇ ಎಂದು ನನ್ನ ಖಾತ್ರಿ.

ಬುಧವಾರ ಸಿದ್ದಾಪುರ. ಚಿಕ್ಕ ಸಂತೆ, ವ್ಯಾಪಾರ ಮಧ್ಯಾಹ್ನಕ್ಕೇ ಸಡಿಲವಾಯಿತು. ಆಪಾಳ ಮಗಳಿಗೆ ಕಾಲೇಜು ರಜೆ, ಅವಳೂ ಬಂದಿದ್ದಳು. ನಾವಿಬ್ಬರೂ ಜೋನಿ ಬೆಲ್ಲ ಕೊಂಡು ಬರುವಾಗ ನಾನು ಅವಳಿಗೊಂದು ಸಂಗತಿ ಹೇಳಿದೆ. ಉತ್ತರ ಆಫ್ರಿಕಾದ ಮೊರಾಕ್ಕೊದಲ್ಲಿ ಎಷ್ಟೋ ಊರುಗಳಿಗೆ ಸಂತೆಯ ವಾರವೇ ಹೆಸರು. 'ಸೂಕ್ ಅಲ್ ಅರ್ಬಆ' ಎಂದರೆ ಬುಧವಾರದ ಸಂತೆ. ಆ ಹೆಸರಿನ ಪಟ್ಟಣವೇ ಅಲ್ಲಿದೆ. ಬೆಟ್ಟದ ಜನ ವಾರಕ್ಕೊಮ್ಮೆ ಇಳಿದು ಬರುವ ಜಾಗ, ಬರಬರುತ್ತಾ ಊರಾಯಿತು. "ಹಾಗಾದರೆ ನಮ್ಮ ಸಿದ್ದಾಪುರವೂ ಸೂಕ್ ಅಲ್ ಅರ್ಬಆ" ಎಂದು ನಕ್ಕಳು ಹುಡುಗಿ.

ಅದೇ ಮೊರಾಕ್ಕೊದ ತಾಂಜೀರ್‌ನಲ್ಲಿ 1304ರಲ್ಲಿ ಹುಟ್ಟಿದ ಇಬ್ನ್ ಬತೂತ, 1340ರ ದಶಕದಲ್ಲಿ ಇಲ್ಲಿಂದ ಗಟ್ಟ ಇಳಿದರೆ ಸಿಗುವ ಹೊನ್ನಾವರಕ್ಕೆ ಬಂದಿದ್ದರು. ಅಲ್ಲಿಯ ಹೆಂಗಸರು ಕುರ್‌ಆನ್ ಕಂಠಪಾಠ ಮಾಡಿದ್ದಾರೆಂದೂ, ಊರಲ್ಲಿ ಹೆಣ್ಣುಮಕ್ಕಳಿಗೆ ಹದಿಮೂರು, ಗಂಡುಮಕ್ಕಳಿಗೆ ಇಪ್ಪತ್ತಮೂರು ಶಾಲೆಗಳಿವೆಯೆಂದೂ, ಇಂಥದ್ದನ್ನು ಬೇರೆಲ್ಲೂ ಕಾಣಲಿಲ್ಲವೆಂದೂ ಬರೆದಿಟ್ಟಿದ್ದಾರೆ. ಲೋಕ ಸುತ್ತಿದ ಮನುಷ್ಯ ಬೆರಗಾದದ್ದು ನಮ್ಮ ಜಿಲ್ಲೆಯ ಹೆಣ್ಣುಮಕ್ಕಳ ಶಾಲೆಗೆ! ಹುಡುಗಿ ಅದನ್ನು ಎರಡು ಸಲ ಹೇಳಿಸಿಕೊಂಡಳು. ಅವಳಿಗೆ ಮುಂದೆ ಬಿ.ಕಾಂ. ಮಾಡುವ ಆಸೆ. ತವರಿನಲ್ಲಿ ಅವಳ ಮದುವೆಯ ಮಾತು ನಡೆಯುತ್ತಿದೆ ಎಂದು ಅವಳಿಗೆ ಗೊತ್ತು. ಆಪಾ ಮಕ್ಕಳೊಂದಿಗೆ ತವರಿಗೆ ಬಂದರೆ ಆ ಮಾತನ್ನು ಆಡುವವರು ಯಾರು, ಕೇಳುವವರು ಯಾರು ಎಂಬುದೂ ಅವಳಿಗೆ ಗೊತ್ತು.

ಆ ರಾತ್ರಿ ಭಾಯಿಜಾನ್‌ಗೆ ಫೋನ್ ಮಾಡಿದೆ. ಆಪಾ ಬರುವುದಿಲ್ಲ, ನಾನು ಬಾ ಎಂದು ಹೇಳುವುದೂ ಇಲ್ಲ ಎಂದೆ. ಉದ್ರಿ ಪುಸ್ತಕದ ವಿಷಯ, ದುಲ್ಹಾಭಾಯಿಯ ಸಾಲದ ವಿಷಯ ಹೇಳಿದೆ. "ನಮ್ಮ ಪ್ರವಾದಿಯವರು ಮದುವೆಯಾದದ್ದು ವ್ಯಾಪಾರ ಮಾಡುತ್ತಿದ್ದ ವಿಧವೆಯನ್ನೇ ಅಲ್ಲವೇ ಭಾಯಿಜಾನ್?" ಎಂದೂ ಕೇಳಿದೆ. ಅವರಿಗೆ ಸಿಟ್ಟು ಬಂತು. "ಖದೀಜಾ ಬೀಬಿ ಬೀದಿಯಲ್ಲಿ ಕೂತಿರಲಿಲ್ಲ" ಎಂದರು. ಕೂರದಂತೆ ಮಾಡಲು ಒಂದು ಅಂಗಡಿಯ ಮುಂಗಡ ಎಷ್ಟಾಗುತ್ತದೆ ಗೊತ್ತೇ ಎಂದು ನಾನೂ ಬಿಡದೆ ಕೇಳಿದೆ. ಫೋನ್ ಇಟ್ಟುಬಿಟ್ಟರು.

ಅವರು ಈಗಲೂ ಆಪಾಳೊಂದಿಗೆ ಸರಿಯಾಗಿ ಮಾತಾಡುತ್ತಿಲ್ಲ. ಚಿಕ್ಕ ತಮ್ಮ ಮಾತ್ರ ಬ್ಯಾಡಗಿಯಲ್ಲಿ ಪರಿಚಯದ ದಲಾಲರೊಬ್ಬರಿಗೆ ಹೇಳಿ ನೇರವಾಗಿ ಎರಡು ಚೀಲ ಕಳಿಸುವ ಏರ್ಪಾಡು ಮಾಡಿದ್ದಾನೆ. ಕಿಲೋಗೆ ಸ್ವಲ್ಪ ಅಗ್ಗ ಬೀಳುತ್ತದೆಯಂತೆ. ಆಪಾಳ ಈಗಿನ ಚಿಂತೆ ಮಳೆಗಾಲದ್ದು. ಜೂನ್ ಬಂದರೆ ಗಟ್ಟದ ಮೇಲೆ ಗಾಳಿಯೇ ಒದ್ದೆ. ಮೆಣಸಿನಕಾಯಿ ಮೆತ್ತಗಾಗಿ ಬೂಷ್ಟು ಹಿಡಿಯುತ್ತದೆ, ತೂಕ ಏರುತ್ತದೆ, ಗಿರಾಕಿ ಬಯ್ಯುತ್ತಾನೆ. ಮೇ ತಿಂಗಳಲ್ಲೇ ಬಿಸಿಲಿಗೆ ಹಾಕಿ, ಪುಡಿ ಮಾಡಿಸಿ, ಅರ್ಧ ಕಿಲೋ ಪೊಟ್ಟಣ ಕಟ್ಟಿಡಬೇಕೆಂದಿದ್ದಾಳೆ. ಪೊಟ್ಟಣಕ್ಕೆ ಏನು ಹೆಸರಿಡುವುದು ಎಂದು ಮೊನ್ನೆ ಫೋನಿನಲ್ಲಿ ಕೇಳಿದಳು. ಮಗಳು ತನ್ನ ಹೆಸರು ಬೇಡ ಎನ್ನುತ್ತಿದ್ದಾಳಂತೆ.