ದೇವತೆಗಳ ಪಾಲು

ತಿಂಗಳ ಕೊನೆಯ ಶನಿವಾರ ಪುಣೆಯಲ್ಲಿ ನಮ್ಮಲ್ಲೊಬ್ಬರ ಮನೆಯಲ್ಲಿ ನಾವು ನಾಲ್ವರು ಸೇರುವುದು ವಾಡಿಕೆ. ಓದಿದ ಪುಸ್ತಕದ ಮಾತು ಮುಗಿದ ಮೇಲೆ ಒಂದು ಬಾಟಲಿ ಮೇಜಿಗೆ ಬರುತ್ತದೆ. ಒಬ್ಬರಿಗೆ 30 ಮಿಲಿಲೀಟರ್, ಅದಕ್ಕಿಂತ ಹೆಚ್ಚಿಲ್ಲ. ಇದು ನಾವೇ ಹಾಕಿಕೊಂಡ ಕಟ್ಟಳೆ. ಕುಡಿತವೆಂದರೆ ಹಿರಿಯರ ಕಣ್ಣು ತಪ್ಪಿಸುವ ಕೆಲಸವೆಂದೇ ತಿಳಿದು ಬೆಳೆದ ನಮಗೆ, ದೀಪದ ಬೆಳಕಿನಲ್ಲಿ ಕುಳಿತು ಅದರ ರುಚಿಯನ್ನು ಅಭ್ಯಾಸ ಮಾಡುವುದು ಮೊದಮೊದಲು ಸಂಕೋಚವನ್ನೇ ತಂದಿತ್ತು.

ಕಲಿಯಬೇಕಾದದ್ದು ಬಹಳವಿಲ್ಲ. ಹೊಟ್ಟೆ ಅಗಲವಾಗಿ ಬಾಯಿ ಕಿರಿದಾದ ಗ್ಲಾಸು ಬೇಕು. ತುಟಿಗಳನ್ನು ತುಸು ತೆರೆದು ಮೆಲ್ಲನೆ ಉಸಿರೆಳೆದರೆ ಮದ್ಯಸಾರದ ಇರಿತ ತಗ್ಗಿ ಪರಿಮಳ ಉಳಿಯುತ್ತದೆ. ಮೊದಲ ಗುಟುಕು ನಾಲಿಗೆಯನ್ನು ಒಗ್ಗಿಸುವುದಕ್ಕೆ. ರುಚಿ ತಿಳಿಯುವುದು ಎರಡನೆಯದರಲ್ಲಿ. ಬಳಿಕ ಕೆಲವು ಹನಿ ನೀರು ಬೆರೆಸಿದರೆ ಅಡಗಿದ್ದ ವಾಸನೆಗಳು ಮೇಲೇಳುತ್ತವೆ.

ಒಮ್ಮೆ ಬೆಂಗಳೂರಿನ ಅಮೃತ್ ಫ್ಯೂಷನ್ ತೆರೆದೆವು. ನಮ್ಮ ದೇಶದ ಬಾರ್ಲಿಯ ಜೊತೆಗೆ, ಪೀಟ್ ಹೊಗೆಯಲ್ಲಿ ಒಣಗಿಸಿದ ಸ್ಕಾಟ್ಲೆಂಡಿನ ಬಾರ್ಲಿಯೂ ಕೂಡಿದ ವಿಸ್ಕಿಯದು. ಅಮೃತ್ ತನ್ನ ಸಿಂಗಲ್ ಮಾಲ್ಟನ್ನು 2004ರಲ್ಲಿ ಮೊದಲು ಬಿಡುಗಡೆ ಮಾಡಿದ್ದು ತವರಿನಲ್ಲಲ್ಲ, ಗ್ಲಾಸ್ಗೋದಲ್ಲಿ. ಓಕ್ ಪೀಪಾಯಿಯಲ್ಲಿ ಮಾಗುವಾಗ ಆವಿಯಾಗಿ ಹೋಗುವುದಕ್ಕೆ ‘ದೇವತೆಗಳ ಪಾಲು’ ಎಂದು ಹೆಸರು. ಸ್ಕಾಟ್ಲೆಂಡಿನ ಚಳಿಯಲ್ಲಿ ಆ ಪಾಲು ವರ್ಷಕ್ಕೆ ಶೇಕಡ 2ರಷ್ಟಾದರೆ, ಬೆಂಗಳೂರಿನ ಬಿಸಿಲಿನಲ್ಲಿ ಶೇಕಡ 10ರಷ್ಟು. ನಮ್ಮ ವಿಸ್ಕಿ ಬೇಗ ಮಾಗುತ್ತದೆ, ಬೇಗ ಕರಗುತ್ತದೆ.

ಆ ದಿನ ಗೆಳೆಯನೊಬ್ಬ ಮೊದಲ ಸಲ ಬಂದಿದ್ದ. ನಾವು ಕಿತ್ತಳೆ ಸಿಪ್ಪೆ, ಚಾಕೊಲೇಟು ಎಂದೆಲ್ಲ ಹುಡುಕುತ್ತಿರುವಾಗ ಅವನು ಬಹಳ ಹೊತ್ತು ಮೂಸಿ, “ಸೌದೆ ಒಲೆಯ ಮೇಲೆ ಬೆಲ್ಲದ ಪಾಕ” ಎಂದ. ನಮ್ಮೆಲ್ಲರಿಗಿಂತ ಸರಿಯಾದ ಮಾತು. ಆದರೆ ಗ್ಲಾಸನ್ನು ತುಟಿಗೆ ಮುಟ್ಟಿಸದೆ ಕೆಳಗಿಟ್ಟ.

ಅವನ ತಂದೆ ಮಂಡಿಯಲ್ಲಿ ಮೂಟೆ ಹೊರುತ್ತಿದ್ದರಂತೆ. 2007ರಲ್ಲಿ ಕರ್ನಾಟಕ ಸರ್ಕಾರ ಸಾರಾಯಿಯನ್ನು ನಿಷೇಧಿಸಿದ ದಿನ ತಾಯಿ ನೆರೆಹೊರೆಗೆಲ್ಲ ಸಕ್ಕರೆ ಹಂಚಿದರಂತೆ. ತಂದೆ ಅಷ್ಟರಲ್ಲಾಗಲೇ ತೀರಿಕೊಂಡು ಎರಡು ವರ್ಷವಾಗಿತ್ತು. “ಪ್ಯಾಕೆಟ್ಟಿನ ಮೂಲೆ ಹಲ್ಲಿನಲ್ಲಿ ಕಚ್ಚಿ ಒಮ್ಮೆಗೇ ಸುರಿದುಕೊಳ್ಳುತ್ತಿದ್ದ. ಅದನ್ನು ಯಾರೂ ಮೂಸುತ್ತಿರಲಿಲ್ಲ. ಮೂಸಿದರೆ ಕುಡಿಯಲಾಗುತ್ತಿರಲಿಲ್ಲ” ಎಂದ.

ನಮ್ಮ ರಸಾಸ್ವಾದಕ್ಕೂ ಆ ಕುಡಿತಕ್ಕೂ ಸಂಬಂಧವೇ ಇಲ್ಲವೆಂದು ನಾವು ನಂಬಿದ್ದೆವು. ಎರಡೂ ಭಟ್ಟಿಯಿಂದಲೇ ಇಳಿದವು. ನಿಧಾನವಾಗಿ ಸವಿಯಲು ನಮಗೆ ಬಿಡುವಿದೆ, ಸಂಬಳವಿದೆ, ದಿನವಿಡೀ ಹೊರೆ ಹೊತ್ತು ನೊಂದಿರದ ಬೆನ್ನಿದೆ. ಇದೆಲ್ಲವನ್ನೂ ನಮ್ಮ ಸಂಯಮದ ಲೆಕ್ಕಕ್ಕೆ ಸೇರಿಸಿಕೊಂಡಿದ್ದೆವು. ಆ 30ರ ಕಟ್ಟಳೆಯನ್ನು ಮುರಿದ ರಾತ್ರಿಗಳೂ ನಮಗಿವೆ. ಆ ರಾತ್ರಿಗಳ ಒಂದು ವಿಸ್ಕಿಯ ರುಚಿಯೂ ನೆನಪಿನಲ್ಲಿ ಉಳಿದಿಲ್ಲ.

ಇನ್ನು ಅವನು ಬರಲಾರನೆಂದುಕೊಂಡೆವು. ಬಂದ, ಈಗಲೂ ಬರುತ್ತಾನೆ. ಅವನ ಗ್ಲಾಸಿಗೆ ಕೆಲವೇ ಹನಿ ಹಾಕುತ್ತೇವೆ. ಅವನು ಮೂಸಿ ಹೇಳಿದ್ದನ್ನು ನಮ್ಮ ಟಿಪ್ಪಣಿ ಪುಸ್ತಕದಲ್ಲಿ ಮೊದಲು ಬರೆಯುತ್ತೇವೆ. ಬೆಳಗಾಗುವಷ್ಟರಲ್ಲಿ ಆ ಗ್ಲಾಸು ತಾನೇ ಒಣಗಿರುತ್ತದೆ.